ಗುಂಡಿನ ಗಾತ್ರದ ಜಗಳ

ಕಳೆದ ಚಳಿಗಾಲದಲ್ಲಿ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬೀಗರ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರು ಕುಳಿತಿದ್ದರು. ಬಲಕ್ಕೆ ಅವರ ಸೋದರಳಿಯ, ರಜೆಯ ಮೇಲೆ ಬಂದಿದ್ದ ಹವಾಲ್ದಾರ್. ಮುದ್ದೆ ಮುರಿಯುವಷ್ಟರಲ್ಲಿ ಇಬ್ಬರಿಗೂ ಜಗಳ ಹತ್ತಿತು. ಹೊಲದ ಬದುವಿನದಲ್ಲ, ರಾಜಕೀಯದ್ದೂ ಅಲ್ಲ. ಬಂದೂಕಿನ ಗುಂಡು ಎಷ್ಟು ದಪ್ಪ ಇರಬೇಕು ಎಂಬುದು.

‘ಒಂದು ಗುಂಡು ಬಿದ್ದರೆ ಆಸಾಮಿ ಏಳಬಾರದು ಕಣ್ಲಾ. ನಿಮ್ಮ ಇನ್ಸಾಸ್ ಗುಂಡು ತಿಂದೋನು ಇನ್ನೂ ಒಂದು ಫರ್ಲಾಂಗ್ ಓಡ್ತಾನೆ’ ಎಂದರು ಹಿರಿಯರು. ‘ನಿಮ್ಮ ಎಸ್‌ಎಲ್‌ಆರ್ ಹೊತ್ಕೊಂಡು ಒಂದು ಸಲ ಬೆಟ್ಟ ಹತ್ತಿ ನೋಡಿ ಮಾವ. ಮೇಲೆ ಹೋಗೋ ಹೊತ್ಗೆ ನೀವೇ ಏಳಲ್ಲ’ ಎಂದ ಅಳಿಯ. ಪಾಯಸ ಬರುವವರೆಗೂ ವಾದ ನಡೆಯಿತು. ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ನಾನು ಅರ್ಥಶಾಸ್ತ್ರ ಓದಿದವನು, ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದವನು, ಯುದ್ಧ ಕಂಡವನಲ್ಲ. ಆದರೆ ಈ ಜಗಳಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ, ಮತ್ತು ಅದರ ಒಂದೆರಡು ಎಳೆಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಆ ಸಲಿಗೆಯಿಂದಲೇ ಈ ಮಾತುಗಳು.

ಮೊದಲು ಲೆಕ್ಕ. ಮಾವ ಹೊತ್ತ ಎಸ್‌ಎಲ್‌ಆರ್ ಬಂದೂಕಿನದು 7.62×51 ಮಿ.ಮೀ. ತೋಟಾ. ಅದರ ಗುಂಡಿನ ಶಕ್ತಿ ನಳಿಗೆಯ ಬಾಯಲ್ಲಿ ಸುಮಾರು 3,300 ಜೂಲ್. ಅಳಿಯ ಕಲಿತ ಇನ್ಸಾಸ್‌ನದು 5.56 ಮಿ.ಮೀ.; ಶಕ್ತಿ ಹೆಚ್ಚುಕಡಿಮೆ ಅದರ ಅರ್ಧ. ಆದರೆ ಮೊದಲನೆಯ ತೋಟಾ ಸುಮಾರು 24 ಗ್ರಾಂ ತೂಗಿದರೆ ಎರಡನೆಯದು 12 ಗ್ರಾಂ. ಅಂದರೆ ಮಾವ ನೂರು ತೋಟಾ ಹೊರುವ ತೂಕದಲ್ಲಿ ಅಳಿಯ ಇನ್ನೂರು ಹೊರುತ್ತಾನೆ. ಒದೆತ ಕಡಿಮೆಯಾದ್ದರಿಂದ ಗುರಿಯೂ ಬೇಗ ಕೂಡುತ್ತದೆ. ಅಮೆರಿಕದವರು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸಣ್ಣ ಗುಂಡಿಗೆ ಬದಲಾದದ್ದು, 1980ರಲ್ಲಿ ನ್ಯಾಟೋ ಕೂಟ ಅದನ್ನು ಪ್ರಮಾಣಿತ ಗಾತ್ರವೆಂದು ಒಪ್ಪಿದ್ದು ಈ ಲೆಕ್ಕದ ಮೇಲೆ. ಗಾಯಗೊಂಡ ಶತ್ರುವನ್ನು ಹೊರಲು ಇನ್ನಿಬ್ಬರು ಬೇಕು, ಆದ್ದರಿಂದ ಕೊಲ್ಲುವುದಕ್ಕಿಂತ ಗಾಯಗೊಳಿಸುವುದೇ ಲಾಭ ಎಂಬ ಮಾತೂ ಇದರೊಡನೆ ಓಡಾಡುತ್ತದೆ. ನನಗೆ ಅದು ಆಮೇಲೆ ಹೊಲಿದ ಸಮರ್ಥನೆಯಂತೆ ಕಾಣುತ್ತದೆ. ಗಾಯಗೊಂಡವನನ್ನು ಹೊರುವ ಪದ್ಧತಿಯೇ ಇಲ್ಲದ ಎದುರಾಳಿಯ ಮುಂದೆ ಆ ಲೆಕ್ಕ ಎಲ್ಲಿ ನಿಂತೀತು?

ನಮ್ಮ ಸೇನೆ 1962ರಲ್ಲಿ ಚೀನಾವನ್ನು ಎದುರಿಸಿದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ಬಂದೂಕಿನಿಂದ. ಆಮೇಲೆ ಎಸ್‌ಎಲ್‌ಆರ್ ಬಂತು. 1990ರ ದಶಕದ ಕೊನೆಯಲ್ಲಿ ಇನ್ಸಾಸ್. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಬಿರುಕು ಬಿಟ್ಟವು ಎಂಬ ದೂರು ಎದ್ದಿತು. ಇಪ್ಪತ್ತು ವರ್ಷಗಳ ನಂತರ ಗಡಿಯಾರ ಹಿಂದಕ್ಕೆ ತಿರುಗಿದೆ. 2019ರಲ್ಲಿ 72,400 ಸಿಗ್ 716 ಬಂದೂಕುಗಳಿಗೆ ಅಮೆರಿಕದ ಕಂಪನಿಯೊಡನೆ ಒಪ್ಪಂದವಾಯಿತು. ಅದು ಮಾವನ ಹಳೆಯ 7.62×51 ತೋಟಾವನ್ನೇ ನುಂಗುತ್ತದೆ. 2021ರ ಡಿಸೆಂಬರಿನಲ್ಲಿ ರಷ್ಯದೊಡನೆ ಆರು ಲಕ್ಷಕ್ಕೂ ಹೆಚ್ಚು ಎಕೆ-203 ಬಂದೂಕುಗಳನ್ನು ಅಮೇಠಿಯ ಕೊರ್ವಾದಲ್ಲಿ ತಯಾರಿಸುವ ಒಪ್ಪಂದವಾಯಿತು, ಅದರದು 7.62×39, ಗಿಡ್ಡ ತೋಟಾ. ಹಳೆಯ ಇನ್ಸಾಸ್ ಪೂರ್ತಿ ಮಾಯವಾಗುವವರೆಗೆ 5.56 ಕೂಡ ಉಗ್ರಾಣದಲ್ಲಿ ಇರಲೇಬೇಕು. ಒಂದೇ ಸೇನೆಯ ಕಾಲಾಳಿಗೆ ಮೂರು ಬಗೆಯ ತೋಟಾ. ಒಂದರ ತೋಟಾ ಇನ್ನೊಂದರಲ್ಲಿ ಕೂರುವುದಿಲ್ಲ. ಹಿಂದೆ ಆಹಾರ ಇಲಾಖೆಯಲ್ಲಿದ್ದಾಗ ಮೂರು ಬಗೆಯ ಪಡಿತರ ಚೀಟಿ ನಿಭಾಯಿಸಲು ಪಟ್ಟ ಪಾಡು ನೆನಪಾಗಿ ನನಗೆ ಬೆವರುತ್ತದೆ.

ನನ್ನ ಅನುಮಾನ ಇಷ್ಟೆ: ಇನ್ಸಾಸ್‌ನಲ್ಲಿ ಸೋತದ್ದು ತಯಾರಿಕೆ, ಶಿಕ್ಷೆಯಾದದ್ದು ಗುಂಡಿನ ವ್ಯಾಸಕ್ಕೆ. ತೋಟಾದ ಗಾತ್ರ ಬದಲಿಸುವುದು ಮಂತ್ರಾಲಯಕ್ಕೆ ಸುಲಭ, ಟೆಂಡರ್ ಕರೆದರೆ ಆಯಿತು. ಸೈನಿಕನಿಗೂ ಪೊಲೀಸನಿಗೂ ವರ್ಷಕ್ಕೆ ಅಭ್ಯಾಸಕ್ಕೆಂದು ಎಷ್ಟು ಗುಂಡು ಕೊಡುತ್ತೇವೆ ಎಂಬುದು ಯಾವ ಪತ್ರಿಕೆಯಲ್ಲೂ ತಲೆಬರಹವಾಗುವುದಿಲ್ಲ. ಅಮೆರಿಕದವರಿಗೂ ನೆಮ್ಮದಿಯಿಲ್ಲವೆನ್ನಿ, ಸಣ್ಣ ಗುಂಡನ್ನು ಜಗತ್ತಿಗೆಲ್ಲ ಕಲಿಸಿದ ಮೇಲೆ 2022ರಲ್ಲಿ ತಮ್ಮ ಕಾಲಾಳಿಗೆ 6.8 ಮಿ.ಮೀ.ನದನ್ನು ಆರಿಸಿಕೊಂಡರು.

ಈ ವಾದ ಮೊದಲು ಕಾವೇರಿದ್ದು ಭಾರತದ ನೆಲದಲ್ಲೇ. ಬ್ರಿಟಿಷರ ಮಾರ್ಟಿನಿ-ಹೆನ್ರಿ ಬಂದೂಕು 31 ಗ್ರಾಂ ತೂಗುವ ಸೀಸದ ಗುಂಡನ್ನು ಉಗುಳುತ್ತಿತ್ತು. ಅದರ ಜಾಗಕ್ಕೆ ಬಂದ .303 ಗುಂಡು ಅದರ ಅರ್ಧಕ್ಕಿಂತ ಕಡಿಮೆ ತೂಕದ್ದು, ಗಟ್ಟಿ ಲೋಹದ ಹೊದಿಕೆಯದು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಈ ಗುಂಡು ತಿಂದ ಪಠಾಣರು ನಿಲ್ಲದೆ ಮುನ್ನುಗ್ಗುತ್ತಾರೆ ಎಂದು ಸೈನಿಕರು ದೂರಿದರು. ಬೀಗರ ಊಟದ ಮಾತೇ! ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆ ಆಗ ತುದಿಯ ಹೊದಿಕೆ ಬಿಚ್ಚಿದ, ಮೈಯೊಳಗೆ ಅರಳುವ ಗುಂಡು ತಯಾರಿಸಿತು. 1899ರ ಹೇಗ್ ಸಮ್ಮೇಳನ ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಬ್ರಿಟನ್ 1907ರವರೆಗೂ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಹೀಗೆ ಹೊದಿಕೆಯ ಗುಂಡು ‘ದಯೆಯುಳ್ಳ ಗುಂಡು’ ಎನಿಸಿಕೊಂಡಿತು. ಆ ದಯೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಗಾತ್ರವೇ ಗೆಲುವು ಎನ್ನುವವರನ್ನು ನಾನು ಮಾಗಡಿಗೆ ಕರೆದೊಯ್ಯಲು ಇಷ್ಟಪಡುತ್ತೇನೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳ ಸಾವನದುರ್ಗ 1,226 ಮೀಟರ್ ಎತ್ತರದ ಒಂಟಿ ಬಂಡೆ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಸಾಗುವ ಮುನ್ನ ಬೆನ್ನಿಗೆ ಇಂಥ ಕೋಟೆಗಳನ್ನು ಬಿಟ್ಟು ಹೋಗುವಂತಿರಲಿಲ್ಲ. ಟಿಪ್ಪುವಿನ ಕಾವಲು ಪಡೆ ಗೋಡೆಗಿಂತ ಹೆಚ್ಚಾಗಿ ಬೆಟ್ಟದ ಸುತ್ತಲಿನ ದಟ್ಟ ಬಿದಿರುಕಾಡನ್ನು ನಂಬಿತ್ತು. ಭಾರಿ ಫಿರಂಗಿ ಅಲ್ಲಿಗೆ ಬರಲಾರದು ಎಂಬುದು ಅವರ ಲೆಕ್ಕ, ಮತ್ತು ಅದು ಮೂರ್ಖ ಲೆಕ್ಕವೇನೂ ಆಗಿರಲಿಲ್ಲ. ಕರ್ನಲ್ ಸ್ಟುವರ್ಟ್‌ನ ಪಡೆ ಡಿಸೆಂಬರ್ 10ರಂದು ಬಂದಿಳಿದು ಕಾಡು ಕಡಿದು, ದಾರಿ ಮಾಡಿ, ಬಂಡೆಗಳ ಮೇಲೆ ಫಿರಂಗಿಗಳನ್ನು ಎಳೆಯಿತು. 17ರಂದು ಫಿರಂಗಿಗಳು ಹಾರಿದವು. 21ರಂದು ಒಡೆದ ಗೋಡೆಯಿಂದ ಒಳನುಗ್ಗಿದವರಿಗೆ ಕೋಟೆ ಒಂದು ಗಂಟೆಯೊಳಗೆ ವಶವಾಯಿತು. ನುಗ್ಗಿದವರಲ್ಲಿ ಗಾಯಗೊಂಡವನು ಒಬ್ಬನೇ ಸಿಪಾಯಿ ಎಂದು ಬ್ರಿಟಿಷರ ಬರಹಗಳು ಹೇಳುತ್ತವೆ. ಅದೇ ತಿಂಗಳಲ್ಲಿ ರಾಮಗಿರಿಯೂ ಬಿತ್ತು, ಹುತ್ರಿದುರ್ಗವೂ ಬಿತ್ತು. ಫಿರಂಗಿ ದೊಡ್ಡದೇ. ಆದರೆ ಆ ಏಳು ದಿನ ಗೆದ್ದದ್ದು ಗುದ್ದಲಿ, ಕೊಡಲಿ, ಹಗ್ಗ. ಅವುಗಳ ಬಾಯ ಅಳತೆಯನ್ನು ಯಾರೂ ಬರೆದಿಡಲಿಲ್ಲ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿದೆ. ನಮ್ಮ ದೇಶದಲ್ಲಿ ಬಂದೂಕಿನ ವ್ಯಾಸವನ್ನು ನಿರ್ಧರಿಸಿದ್ದು ಯುದ್ಧಭೂಮಿಯೊಂದೇ ಅಲ್ಲ, ಆಳುವವರ ಅಂಜಿಕೆಯೂ ಹೌದು. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆಂದು ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗಿನ ಸುರುಳಿಗೆರೆಗಳನ್ನೇ ಕೊರೆದು ತೆಗೆದರು. ಗೆರೆಯಿಲ್ಲದ ನಳಿಗೆಯಿಂದ ದೂರದ ಗುರಿ ತಪ್ಪುತ್ತದೆ. ಸಿಪಾಯಿಯ ಗುರಿ ತಪ್ಪುವುದೇ ಕ್ಷೇಮವೆಂದು ಎಣಿಸಿದವರ ಏರ್ಪಾಡು ಅದು. ಆಮೇಲೆ ಪೊಲೀಸರಿಗೂ ಕಾವಲುಗಾರರಿಗೂ .303 ಬಂದೂಕನ್ನು ಕೊರೆದು .410 ಮಸ್ಕೆಟ್ ಮಾಡಿಕೊಟ್ಟರು. ಸೇನೆಯ ತೋಟಾ ಅದರಲ್ಲಿ ಉಪಯೋಗಕ್ಕೆ ಬರಬಾರದು ಎಂಬುದೇ ಉದ್ದೇಶ. ಸ್ವಾತಂತ್ರ್ಯ ಬಂದರೂ ಈ ತರ್ಕ ಬದಲಾಗಲಿಲ್ಲ. ಶಸ್ತ್ರಾಸ್ತ್ರ ನಿಯಮಗಳಲ್ಲಿ ‘ನಿಷೇಧಿತ ಬೋರ್’ ಎಂಬ ವರ್ಗವಿದೆ; .303, 7.62 ಅದರೊಳಗೆ. ಇಶಾಪುರದಲ್ಲಿ ನಾಗರಿಕರಿಗೆ ತಯಾರಾಗುವ ರೈಫಲ್ಲಿಗೆ .315 ಎಂಬ ವಿಚಿತ್ರ ಗಾತ್ರವಿರುವುದಕ್ಕೂ ಇದೇ ಹಿನ್ನೆಲೆ. ಇದನ್ನು ನಾನು ತಪ್ಪು ಎನ್ನಲಾರೆ. ಸೇನೆಯ ಉಗ್ರಾಣದಿಂದ ಸೋರಿದ ತೋಟಾ ಊರೂರಲ್ಲಿ ಸಿಡಿಯುವುದು ಯಾರಿಗೂ ಬೇಡ.

ಈಗ ಆ ‘ದಯೆ’ಯ ಮಾತು. ಬೇರೊಂದು ಜಿಲ್ಲೆಯಲ್ಲಿ ನಾನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಒಂದು ಮಧ್ಯಾಹ್ನ ಗಲಭೆಯ ಗುಂಪಿನೆದುರು ನಿಂತಿದ್ದೆ. ಗುಂಪನ್ನು ಚದುರಿಸಲು ಬಲ ಬಳಸುವಂತೆ ಆದೇಶಿಸುವ ಅಧಿಕಾರ ಆಗ ದಂಡ ಪ್ರಕ್ರಿಯಾ ಸಂಹಿತೆಯ 129ನೆಯ ಕಲಮಿನಲ್ಲಿತ್ತು. 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಂ. ನನ್ನ ಕೈಯಲ್ಲಿ ಕಾಗದವೂ ಪೆನ್ನೂ ಇದ್ದವು. ಕಲ್ಲುಗಳು ಬೀಳುತ್ತಿದ್ದವು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲಿ ‘ಸಾರ್, ಇದು ತ್ರೀ ನಾಟ್ ತ್ರೀ. ಮುಂದೆ ನಿಂತೋನಲ್ಲಿ ನಿಲ್ಲೋದಿಲ್ಲ’ ಎಂದರು. ಮುಂದೆ ನಿಂತವನ ಹಿಂದೆ ಬಸ್ ನಿಲ್ದಾಣವಿತ್ತು. ಅಲ್ಲಿ ಚೀಲ ಹಿಡಿದ ಹೆಂಗಸರು, ಶಾಲೆಯಿಂದ ಬರುತ್ತಿದ್ದ ಮಕ್ಕಳು. ಅರಳದೆ ನೇರ ಹಾದುಹೋಗುವ, ಯುದ್ಧಕ್ಕೆ ದಯೆಯೆನಿಸಿದ ಆ ಗುಂಡು ಪೇಟೆಬೀದಿಯಲ್ಲಿ ಎರಡನೆಯವನನ್ನೂ ಮೂರನೆಯವನನ್ನೂ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ನಾನು ಸಹಿ ಹಾಕಲಿಲ್ಲ. ಲಾಠಿ, ಅಶ್ರುವಾಯುಗಳಲ್ಲೇ ಸಂಜೆಯವರೆಗೆ ತಳ್ಳಿದೆವು. ಆ ನಡುವೆ ಒಬ್ಬ ಕಾನ್‌ಸ್ಟೆಬಲ್‌ನ ದವಡೆ ಒಡೆಯಿತು. ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದಾಗ ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಸೇನೆಗೆಂದು ರೂಪಿಸಿದ ಬಂದೂಕನ್ನು ಪೊಲೀಸರ ಕೈಗೆ ಕೊಟ್ಟು, ಗುಂಡು ಹಾರಿಸು ಅಥವಾ ಕಲ್ಲು ತಿನ್ನು ಎಂಬ ಎರಡೇ ದಾರಿ ಬಿಟ್ಟವರು ಇಂದಿಗೂ ಆ ಕಾನ್‌ಸ್ಟೆಬಲ್‌ಗೆ ಉತ್ತರ ಕೊಡಬೇಕು. ಕೊಡಬೇಕಾದವರಲ್ಲಿ ನಾನೂ ಒಬ್ಬ.

ಸರ್ಕಾರದ ಭಯದ ಏಣಿಯಲ್ಲಿ ತೀರ ಕೆಳಗಿನ ಮೆಟ್ಟಿಲು ನಮ್ಮ ರೈತನ ಬಂದೂಕು. 1959ರ ಶಸ್ತ್ರಾಸ್ತ್ರ ಅಧಿನಿಯಮದ 13ನೆಯ ಕಲಂ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಲು ಅವಕಾಶ ಮಾಡಿದೆ. ಟಿಪ್ಪುವಿನ ಸಿಪಾಯಿಗೂ ಗುರುತು ಸಿಗಬಹುದಾದ ಯಂತ್ರ! ಸ್ವಲ್ಪ ಉಳ್ಳವರಲ್ಲಿ ಜೋಡಿನಳಿಗೆಯ ಹನ್ನೆರಡು ಬೋರ್. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗುಂಡು ಎರೆದರೆ ಒಂದೊಂದರ ಗಾತ್ರ ಎಷ್ಟೋ ಅಷ್ಟು ಆ ನಳಿಗೆಯ ಬಾಯಿ, ಸುಮಾರು 18.5 ಮಿ.ಮೀ. ಅಂದರೆ ಮಾವನ ಎಸ್‌ಎಲ್‌ಆರ್‌ಗಿಂತ ಎರಡೂವರೆ ಪಟ್ಟು ಅಗಲ. ಅಗಲವೇ ಬಲವಾಗಿದ್ದರೆ ಈ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದವು. ಇವು ಬೆಂಗಳೂರು ಗ್ರಾಮಾಂತರದಲ್ಲಿದ್ದ ದಿನಗಳಲ್ಲಿ ಇವುಗಳಲ್ಲೊಂದರಲ್ಲಿ ನಾನು ತಹಶೀಲ್ದಾರನಾಗಿದ್ದೆ. ಬಂದೂಕಿನ ಅರ್ಜಿಗಳು ವಿಚಾರಣೆಗೆ ನನ್ನ ಮುಂದೆ ಬರುತ್ತಿದ್ದವು. ಅರ್ಜಿದಾರನ ಪಹಣಿ, ಕಾಡಿಗಿರುವ ದೂರ, ನಡತೆ. ಆನೆಯನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲ, ಇರಬಾರದು. ರಾಗಿ ತೆನೆಯ ಕಾಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಆಕಾಶಕ್ಕೆ ಒಂದು ಸದ್ದು ಮಾಡುವುದಷ್ಟೇ ಆ ಬಂದೂಕಿನ ಕೆಲಸ. ಗುಂಡೇ ಬೇಡದ ಬಂದೂಕು ಅದು.

1994ರ ವಿಧಾನಸಭೆ ಚುನಾವಣೆಯ ಮತದಾನ ನವೆಂಬರ್ ಕೊನೆಗೆ, ಡಿಸೆಂಬರ್ ಮೊದಲಿಗೆ ಬಂತು. ರಾಗಿ ಕೊಯ್ಲಿನ ಸಮಯ. ಚುನಾವಣೆ ಬಂತೆಂದರೆ ಪರವಾನಗಿ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಠೇವಣಿ ಇರಿಸಬೇಕು. ಕಾಡಂಚಿನ ಹಳ್ಳಿಯ ಮುದುಕರೊಬ್ಬರು ಠೇವಣಿಯ ರಸೀದಿ ಹಿಡಿದು ಕಚೇರಿಗೆ ಬಂದರು. ‘ಸ್ವಾಮಿ, ಆನೆಗೂ ಒಂದು ನೋಟಿಸ್ ಕಳಿಸಿ. ಓಟು ಮುಗಿಯೋ ಗಂಟ ಬರಬೇಡ ಅಂತ’ ಎಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆ ವಾರವೇ ಎರಡು ಎಕರೆ ರಾಗಿ ಹೋಯಿತು. ಗ್ರಾಮಲೆಕ್ಕಿಗರನ್ನು ಕಳಿಸಿ ಮಹಜರು ಮಾಡಿಸಿದೆ, ಪರಿಹಾರಕ್ಕೆ ಬರೆದೆ. ನನಗೆ ವರ್ಗವಾಗುವವರೆಗೂ ಹಣ ಬಂದಿರಲಿಲ್ಲ. ಫಲಿತಾಂಶ ಬಂದ ಮೇಲೆ ಠಾಣೆಯಿಂದ ಬಂದೂಕು ಬಿಡಿಸಿಕೊಂಡು ಅವರು ನೇರ ನನ್ನ ಕಚೇರಿಗೇ ಬಂದು, ಅದನ್ನು ಮೇಜಿನ ಮೇಲಿಟ್ಟು, ನಳಿಗೆಯ ಬಾಯನ್ನು ನನ್ನ ಕಡೆ ತಿರುಗಿಸದಂತೆ ಎಚ್ಚರ ವಹಿಸಿ, ಒಳಗೆ ಬೆರಳು ಆಡಿಸಿ ತೆಗೆದು ತೋರಿಸಿದರು. ಬೆರಳ ತುದಿಯೆಲ್ಲ ಕೆಂಪು ತುಕ್ಕು.