ಕಪ್ಪು ಕಾರಿಗೆ ಮೇಣವೋ, ಸೀಲಂಟೋ?

ಏಪ್ರಿಲ್ ತಿಂಗಳ ಒಂದು ಭಾನುವಾರದ ಮುಂಜಾನೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ರಾತ್ರಿ ನಾಲ್ಕು ಹನಿ ಮಳೆ ಉದುರಿ ನಿಂತಿದೆ. ಅಡ್ಡರಸ್ತೆಯ ಹೊಂಗೆ ಮರದ ಕೆಳಗೆ ನಿಂತ ಕಪ್ಪು ಕಾರಿನ ಮೇಲೆ ಉದುರಿದ ಹೂವು, ಅಂಟು ಹನಿ, ದೂಳು, ಪಾರಿವಾಳದ ಹಿಕ್ಕೆ ಎಲ್ಲ ಸೇರಿ ರಂಗೋಲಿ ಬಿಡಿಸಿವೆ. ಮನೆಯ ಯಜಮಾನರು ಹಳೆಯ ಬನಿಯನ್ನೊಂದನ್ನು ಹಿಡಿದು ಬರುತ್ತಾರೆ. ನೀರು ಮುಟ್ಟಿಸದೆ, ಒಣಬಟ್ಟೆಯಲ್ಲೇ ಬಾನೆಟ್ಟನ್ನು ಗುಂಡಗುಂಡಗೆ ಉಜ್ಜುತ್ತಾರೆ. ಕಾರು ಫಳಫಳ!

ಹತ್ತು ಗಂಟೆಗೆ ಬಿಸಿಲು ಬೀಳುತ್ತದೆ. ಬಾನೆಟ್ಟಿನ ತುಂಬ ಜೇಡರ ಬಲೆಯಂಥ ನವಿರು ಗೀರುಗಳು. “ಯಾರೋ ಗೀಚಿದ್ದಾರೆ ನೋಡು!” ಎಂದು ಯಜಮಾನರು ಗುಡುಗಿದರೆ, ಪಿ.ಯು.ಸಿ. ಓದುವ ಮಗಳ ಉತ್ತರ: “ಯಾರೂ ಅಲ್ಲ ಅಪ್ಪಾ, ನೀವೇ.”

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಸಾಲದ ಕಂತು ಇನ್ನೂ ತೀರದ ಕಾರಿನ ಮೇಲೆ ಗೀರು ಕಂಡಾಗ ಎಲ್ಲರಿಗೂ ನೆನಪಾಗುವುದು ಬಿಡಿಭಾಗಗಳ ಅಂಗಡಿ. ಜೆ.ಸಿ. ರಸ್ತೆಗೆ ಹೋದರೆ ಡಬ್ಬಿ, ಬಾಟಲಿಗಳ ಸಾಲು. ಒಂದರ ಮೇಲೆ ‘ವ್ಯಾಕ್ಸ್’, ಇನ್ನೊಂದರ ಮೇಲೆ ‘ಸೀಲಂಟ್’, ಮತ್ತೊಂದರ ಮೇಲೆ ‘ಪಾಲಿಶ್’. ಯಾವುದನ್ನು ಕೊಳ್ಳಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಹೊಳಪು ಕೊಡುವುದೆಲ್ಲ ಬಣ್ಣವನ್ನು ಕಾಯುವುದಿಲ್ಲ. ಆಯ್ಕೆ ಮಾಡುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಮರದ ನೆರಳು, ಅಂಟಿನ ಕಾಟ

ಮಲ್ಲೇಶ್ವರ ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗ್ ಮಾರಿಯ ಹಿನ್ನೆಲೆಯಲ್ಲಿ. ಇಲ್ಲಿ ಬೀದಿಗಳಿಗೂ ಮರಗಳ ಹೆಸರು: ಒಂದು ಸಂಪಿಗೆ ರಸ್ತೆ, ಇನ್ನೊಂದು ಬೇವಿನ ಹೆಸರು ಹೊತ್ತ ಮಾರ್ಗೋಸಾ ರಸ್ತೆ. ಮನೆಗೊಂದು ಕಾರು ಬಂದೀತೆಂದು ಯಾರೂ ಎಣಿಸದ ಕಾಲವದು. ಹಾಗಾಗಿ ಹಳೆಯ ಮನೆಗಳ ಕಾರುಗಳು ಬೀದಿಯಲ್ಲಿ, ಮರದಡಿಯಲ್ಲೇ ನಿಲ್ಲುತ್ತವೆ.

ಕಾರಿನ ಮೇಲೆ ಬೀಳುವ ಅಂಟನ್ನು ಎಲ್ಲರೂ ‘ಮರದ ರಸ’ ಎನ್ನುತ್ತಾರೆ. ಬಹಳಷ್ಟು ಸಲ ಅದು ಮರದ್ದಲ್ಲ. ಎಲೆಯ ರಸ ಹೀರುವ ಸಸ್ಯಹೇನುಗಳಂಥ ಪುಟ್ಟ ಕೀಟಗಳು ಹೊರಹಾಕುವ ಸಕ್ಕರೆ ನೀರು ಅದು. ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ, ಅದರ ಮೇಲೆ ದೂಳು ಕೂರುತ್ತದೆ. ಹಕ್ಕಿಯ ಹಿಕ್ಕೆ ಇನ್ನೂ ಅಪಾಯಕಾರಿ. ಅದರಲ್ಲಿ ಯೂರಿಕ್ ಆಮ್ಲವಿದೆ. ಜೊತೆಗೆ ಬಿಸಿಲಿನಲ್ಲಿ ಮೆತ್ತಗಾಗಿ ಹಿಗ್ಗಿದ ಬಣ್ಣ, ಸಂಜೆ ತಣ್ಣಗಾದಾಗ ಕುಗ್ಗಿ, ಒಣಗಿದ ಹಿಕ್ಕೆಯ ಅಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ತೊಳೆದರೂ ಕಲೆ ಹೋಗದು.

ಕೂದಲಿಗಿಂತ ತೆಳು

ಕಾರಿನ ಬಣ್ಣವೆಂದರೆ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಪಾರದರ್ಶಕ ‘ಕ್ಲಿಯರ್ ಕೋಟ್’. ಇವೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 130 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕ್ಲಿಯರ್ ಕೋಟ್ ಒಂದೇ ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70!

ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳಿರುವುದು ಈ ತೆಳು ಪದರದಲ್ಲೇ. ಅಂಗಡಿಯಲ್ಲಿ ‘ಪಾಲಿಶ್’ ಅಥವಾ ‘ರಬ್ಬಿಂಗ್ ಕಾಂಪೌಂಡ್’ ಎಂದು ಕೊಡುವುದರಲ್ಲಿ ಸಾಮಾನ್ಯವಾಗಿ ನುಣುಪಾದ ಅರದಪುಡಿ ಇರುತ್ತದೆ. ಅದು ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಪದರವನ್ನೇ ತೇಯ್ದು ಸಮ ಮಾಡುತ್ತದೆ. ಗಂಧದ ಕೊರಡಿನಂತೆ, ತೇಯ್ದದ್ದು ಮತ್ತೆ ಬೆಳೆಯದು. ವರ್ಷಕ್ಕೆ ನಾಲ್ಕು ಸಲ ಪಾಲಿಶ್ ಮಾಡಿಸುವವರು ಕಾಸು ಕೊಟ್ಟು ಕಾರಿನ ಆಯುಷ್ಯ ಕಳೆಯುತ್ತಾರೆ. ಮೇಣ ಮತ್ತು ಸೀಲಂಟ್‌ಗಳ ಕೆಲಸ ಇದಕ್ಕೆ ತದ್ವಿರುದ್ಧ. ಅವು ತೇಯುವುದಿಲ್ಲ. ಮೇಲೊಂದು ಪೊರೆಯಾಗಿ ಕುಳಿತು, ಬಣ್ಣದ ಬದಲು ತಾವು ಸವೆಯುತ್ತವೆ.

ಕಪ್ಪಿಗೇ ಏಕೆ ಕಷ್ಟ?

ಬಿಳಿ ಕಾರಿನಲ್ಲೂ ಗೀರುಗಳಿರುತ್ತವೆ, ಕಾಣುವುದಿಲ್ಲ ಅಷ್ಟೆ. ಗೀರಿನ ಅಂಚು ಬೆಳಕನ್ನು ಚದುರಿಸಿದಾಗ ಅದು ಬೆಳ್ಳಗೆ ತೋರುತ್ತದೆ. ಬಿಳಿಯ ಮೇಲೆ ಬಿಳಿ ಅಡಗುತ್ತದೆ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಎರಡನೆಯದು ಶಾಖ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆಂಬುದು ಹೈಸ್ಕೂಲು ಪಾಠ. ಬೇಸಿಗೆಯ ಮಧ್ಯಾಹ್ನ ಕಪ್ಪು ಬಾನೆಟ್ಟಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಇಂಥ ಶಾಖದಲ್ಲಿ ಆಮ್ಲದ ಕೆಲಸ ಚುರುಕಾಗುತ್ತದೆ, ಮೃದು ಮೇಣಗಳು ಬೇಗ ಸೋಲುತ್ತವೆ.

ಬ್ರೆಜಿಲಿನ ತಾಳೆಯ ಮೇಣ

ಕಾರಿನ ಮೇಣಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೌಬಾ. ಇದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಬಗೆಯ ತಾಳೆಮರದ ಕೊಡುಗೆ. ಅಲ್ಲಿನ ಸುಡುಬಿಸಿಲಲ್ಲಿ ನೀರು ಆರಿಹೋಗದಿರಲೆಂದು ಮರ ತನ್ನ ಗರಿಗಳಿಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಗರಿಗಳನ್ನು ಕೊಯ್ದು, ಒಣಗಿಸಿ, ಬಡಿದು ಮೇಣದ ಪುಡಿ ಉದುರಿಸುತ್ತಾರೆ. ಜೇನುಮೇಣ 62ರಿಂದ 65 ಡಿಗ್ರಿಯಲ್ಲಿ ಕರಗಿದರೆ, ಕಾರ್ನೌಬಾ ಕರಗಲು 82 ಡಿಗ್ರಿಯಾದರೂ ಬೇಕು. ಮಿಠಾಯಿ, ಮಾತ್ರೆಗಳ ಹೊಳಪಿಗೂ ಇದನ್ನು ಬಳಸುತ್ತಾರೆ. ಆದರೆ ಡಬ್ಬಿಯಲ್ಲಿರುವುದು ಬರಿಯ ಕಾರ್ನೌಬಾ ಅಲ್ಲ. ಅದು ಕಲ್ಲಿನಂತೆ ಗಡುಸು, ಬಟ್ಟೆಯಲ್ಲಿ ಹಚ್ಚಲಾಗದು. ಅದಕ್ಕೇ ಇತರ ಮೇಣ, ಎಣ್ಣೆ, ದ್ರಾವಕಗಳನ್ನು ಬೆರೆಸಿರುತ್ತಾರೆ.

ಕಪ್ಪು ಕಾರಿಗೆ ಮೇಣ ಹಚ್ಚಿದರೆ ಕಪ್ಪು ಇನ್ನಷ್ಟು ಆಳವಾಗಿ ಕಾಣುತ್ತದೆ. ಗುಡಿಯ ಕೃಷ್ಣಶಿಲೆಯ ವಿಗ್ರಹಕ್ಕೆ ಎಣ್ಣೆ ಹಚ್ಚಿದಾಗ, ಮಕ್ಕಳ ಸ್ಲೇಟನ್ನು ಒದ್ದೆ ಮಾಡಿದಾಗ ಆಗುವುದೂ ಇದೇ. ಸಣ್ಣ ತಗ್ಗುಗಳು ತುಂಬಿಕೊಂಡು ಬೆಳಕು ಚದುರುವುದು ಕಡಿಮೆಯಾಗುತ್ತದೆ, ಕರಿಯದು ಕಡುಕರಿಯಾಗುತ್ತದೆ. ನೀರೂ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳುತ್ತದೆ. ಆದರೆ ಈ ಸೊಗಸು ಕೆಲವು ವಾರಗಳದು, ಹೆಚ್ಚೆಂದರೆ ಎರಡು ತಿಂಗಳದು.

ಕಾರ್ಖಾನೆಯ ಕವಚ

ಸೀಲಂಟ್ ಎಂಬುದು ಮನುಷ್ಯ ತಯಾರಿಸಿದ ಪಾಲಿಮರ್. ಇದರಲ್ಲಿರುವ ಸಿಲಿಕೋನ್ ಮೊದಲಾದ ಉದ್ದನೆಯ ಅಣುಸರಪಳಿಗಳು ಬಣ್ಣದ ಮೇಲ್ಮೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಶಾಖಕ್ಕೆ, ಶಾಂಪೂವಿಗೆ ಮೇಣಕ್ಕಿಂತ ಹೆಚ್ಚು ತಾಳುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬಾಳಿಕೆ. ಕಪ್ಪಿನ ಆಳ ಮೇಣದಷ್ಟಿಲ್ಲ, ಕನ್ನಡಿಯ ಹೊಳಪು ಹೆಚ್ಚು ಎನ್ನುವವರುಂಟು. ಈ ವ್ಯತ್ಯಾಸ ಕಾಣಲು ಪಳಗಿದ ಕಣ್ಣು ಬೇಕು.

‘ಸೆರಾಮಿಕ್’ ಲೇಪಗಳೂ ಈಗ ಬಂದಿವೆ. ಸಿಲಿಕಾ ಆಧಾರಿತವಾದ ಇವು ವರ್ಷಕ್ಕೂ ಮೀರಿ ಬಾಳಬಲ್ಲವು. ಬೆಲೆಯೂ ಹಾಗೆಯೇ. ಮೊದಲಿದ್ದ ಗೀರುಗಳನ್ನು ತೆಗೆಯದೆ ಹಚ್ಚಿದರೆ ಗೀರುಗಳಿಗೇ ಗಾಜಿನ ಕಟ್ಟು ಹಾಕಿದಂತೆ! ‘ಇದನ್ನು ಹಾಕಿಸಿದರೆ ಗೀರೇ ಬೀಳದು’ ಎಂಬ ಮಾತನ್ನು ಯಾರೂ ನಂಬಬಾರದು.

ಹಾಗಾದರೆ ಯಾವುದು?

ಮನೆಯೊಳಗೆ ನೆರಳಿನಲ್ಲಿ ನಿಲ್ಲುವ ಕಾರು, ತಿಂಗಳಿಗೊಂದು ಭಾನುವಾರ ಅದಕ್ಕೆಂದೇ ಮೀಸಲಿಡುವ ಉತ್ಸಾಹ, ಇವೆರಡೂ ಇದ್ದವರಿಗೆ ಮೇಣ ಒಳ್ಳೆಯದು. ಸಂಪಿಗೆ ರಸ್ತೆಯ ಅಡ್ಡರಸ್ತೆಗಳಲ್ಲಿರುವಂತೆ ಬಿಸಿಲು, ಮಳೆ, ಹಕ್ಕಿಗಳಿಗೆ ಮೈಯೊಡ್ಡಿ ನಿಲ್ಲುವ ಕಪ್ಪು ಕಾರಿಗೆ ಸೀಲಂಟೇ ಸರಿ. ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲೊಮ್ಮೆ, ಮಳೆ ಹಿಂದೆ ಸರಿದ ಮೇಲೆ ನವೆಂಬರಿನಲ್ಲೊಮ್ಮೆ ಹಚ್ಚಿದರೆ ಸಾಕು. ಹಬ್ಬಕ್ಕೋ ಮದುವೆಗೋ ಹೆಚ್ಚಿನ ಮೆರುಗು ಬೇಕಾದರೆ ಸೀಲಂಟ್ ಆರಿ ಗಟ್ಟಿಯಾದ ಮೇಲೆ ಅದರ ಮೇಲೆ ಮೇಣ ಹಚ್ಚಬಹುದು. ಮೇಣದ ಮೇಲೆ ಸೀಲಂಟ್ ಮಾತ್ರ ಹಚ್ಚಬಾರದು, ಹಿಡಿತ ಸಿಗದು. ಯಾವುದೇ ಆಗಲಿ, ನೆರಳಲ್ಲಿ, ತಣ್ಣಗಿರುವ ಕಾರಿಗೆ, ತೆಳುವಾಗಿ ಹಚ್ಚಬೇಕು. ದಪ್ಪಗೆ ಬಳಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ರಕ್ಷಣೆಯಲ್ಲ.

ಒಂದು ಮಾತು ನೆನಪಿರಲಿ. ಈ ಪೊರೆಗಳ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಹಿಕ್ಕೆ ಬಿದ್ದಾಗ ಇವು ಕೊಡುವುದು ಕೆಲವು ಗಂಟೆಗಳ ಅವಕಾಶ ಮಾತ್ರ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಉಜ್ಜದೆ ಎತ್ತಿ ತೆಗೆಯಬೇಕು.

ಮೊದಲು ತೊಳೆಯಲು ಕಲಿಯಬೇಕು

ಗೀರಿನ ಮೂಲ ಬಿಸಿಲೂ ಅಲ್ಲ, ಮರವೂ ಅಲ್ಲ. ಮೇಲೆ ಹೇಳಿದ ಒಣಬಟ್ಟೆ. ರಸ್ತೆಯ ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಒಣಗಿದ ಮೈಮೇಲೆ ಬಟ್ಟೆ ಎಳೆದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ನೀರು ಹಾಕಿ ದೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಮೇಲಿನಿಂದ ಕೆಳಕ್ಕೆ, ಗುಂಡಗೆ ಉಜ್ಜದೆ ನೇರವಾಗಿ ಒರೆಸಬೇಕು. ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿದರೆ ಕೊಳೆಯ ಜೊತೆ ಮೇಣವೂ ಹೋಗುತ್ತದೆ. ಡೀಸೆಲ್ ಒರೆಸುವ ಹಳೆಯ ಅಭ್ಯಾಸವೂ ಬೇಡ. ಹೊಳಪು ಅರ್ಧ ದಿನದ್ದು, ಹಿಡಿಯುವ ದೂಳು ದುಪ್ಪಟ್ಟು.

ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ ಇನ್ನೊಂದು ತೊಂದರೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಪ್ರತಿ ಹನಿ ಆರಿದ ಜಾಗದಲ್ಲೂ ಬಿಳಿ ಉಂಗುರ ಬಿಡುತ್ತವೆ. ಮೇಣ ಹಚ್ಚಿದ್ದರೆ ಹನಿಗಳೂ ಹೆಚ್ಚು, ಉಂಗುರಗಳೂ ಹೆಚ್ಚು! ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಹೀರಿಸಿಬಿಡಬೇಕು.

ಇನ್ನು ಕಾವೇರಿ ನೀರು. ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬೆಂಗಳೂರಿಗೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ನಗರ ನೀರಿಗಾಗಿ ಪರದಾಡಿದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲೂ ಅಂಥದೇ ಆದೇಶ ಬಂತು. ಮನೆಯಲ್ಲಿ ಕೊಡಪಾನ ಎಣಿಸುತ್ತಿರುವಾಗ ಬೀದಿಯಲ್ಲಿ ಪೈಪು ಹಿಡಿದು ಕಾರು ತೊಳೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ದಾರಿ ತಲೆಯ ಮೇಲೇ ಇದೆ. ಮಳೆನೀರಿನಲ್ಲಿ ಈ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಿಳಿ ಉಂಗುರಗಳ ಭಯವಿಲ್ಲ. ಬೆಂಗಳೂರಿನಲ್ಲಿ ದೊಡ್ಡ ನಿವೇಶನದ ಮನೆಗಳಿಗೆ ಮಳೆಕೊಯ್ಲು 2009ರಲ್ಲೇ ಕಡ್ಡಾಯವಾಯಿತು. ಚಾವಣಿಯ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೂ ಹಲವು ಭಾನುವಾರಗಳು ಕಳೆಯುತ್ತವೆ. ಸೀಲಂಟ್ ಹಚ್ಚಿದ ಕಾರಿಗೆ ಕೊಳೆ ಅಂಟುವುದು ಕಡಿಮೆ, ಎರಡೇ ಬಕೆಟ್ ಸಾಕು.

ಮಕ್ಕಳಿಗೊಂದು ಪ್ರಯೋಗ

ಗಾಜಿನ ಹಳೆಯ ತುಂಡೊಂದರ ಅರ್ಧಭಾಗಕ್ಕೆ ಮೇಣದ ಬತ್ತಿ ಉಜ್ಜಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಅಂಚಿನಿಂದ ಕೈ ಕೊಯ್ಯದಂತೆ ದೊಡ್ಡವರು ಜೊತೆಗಿರಲಿ. ಎರಡೂ ಭಾಗಕ್ಕೆ ಇಂಕ್ ಫಿಲ್ಲರಿನಿಂದ ಒಂದೊಂದು ಹನಿ ನೀರು ಬಿಡಿ. ಬರಿ ಗಾಜಿನ ಮೇಲೆ ಹನಿ ಹರಡುತ್ತದೆ, ಮೇಣದ ಮೇಲೆ ಗುಂಡಾಗಿ ನಿಲ್ಲುತ್ತದೆ. ಮೇಲ್ಮೈ ಎಳೆತದ ಪಾಠ ಕಣ್ಣೆದುರೇ! ಕಾರಿನ ಪೊರೆ ಉಳಿದಿದೆಯೇ ಎಂದು ತಿಳಿಯಲೂ ಇದೇ ಉಪಾಯ. ತೊಳೆದ ಬಾನೆಟ್ಟಿನ ಮೇಲೆ ಹನಿ ಗುಂಡಾಗದೆ ಚಪ್ಪಟೆಯಾಗಿ ಹರಡಿದರೆ ಮತ್ತೆ ಹಚ್ಚುವ ಹೊತ್ತು ಬಂತೆಂದೇ ಅರ್ಥ.

ಕಾರಿನ ಮೇಲೆ ಹೂವು ಬಿದ್ದಿತೆಂದು ಮರದ ಕೊಂಬೆ ಕಡಿಸಲು ಹೊರಡುವವರೂ ಇದ್ದಾರೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಕಾನೂನಿನ ಮಾತು ಹಾಗಿರಲಿ. ಆ ನೆರಳು ಹೋದರೆ ಅದೇ ಕಪ್ಪು ಬಾನೆಟ್ಟು ದಿನವಿಡೀ ಬಿಸಿಲಿನಲ್ಲಿ ಬೇಯುತ್ತದೆ. ಆರು ತಿಂಗಳಿಗೊಂದು ಸಲ ಸೀಲಂಟ್, ಎರಡು ಬಕೆಟ್ ಮಳೆನೀರು, ಒಂದು ಮೆತ್ತನೆ ಬಟ್ಟೆ. ಇಷ್ಟಿದ್ದರೆ ಮರವೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ. ಆ ಹಳೆಯ ಬನಿಯನ್ನನ್ನು ಮಾತ್ರ ಇನ್ನು ಮೇಲೆ ಅಡುಗೆಮನೆಯ ಕಟ್ಟೆ ಒರೆಸಲು ಕೊಟ್ಟುಬಿಡುವುದು ಒಳ್ಳೆಯದು.