ಆಟದ ಪುಟದ ಸಣ್ಣಕ್ಷರಗಳು

ಪತ್ರಿಕೆಯನ್ನು ಕೈಗೆತ್ತಿಕೊಂಡವನು ಮೊದಲು ರಾಜಕಾರಣವನ್ನು ಓದುತ್ತಾನೆ, ತರುವಾಯ ಮಳೆಬೆಳೆಯ ಸುದ್ದಿಯನ್ನೂ ಪೇಟೆಯ ಧಾರಣೆಯನ್ನೂ ನೋಡುತ್ತಾನೆ, ಕಡೆಗೆ ವ್ಯವಧಾನವುಳಿದಿದ್ದರೆ ಆಟದ ಪುಟಕ್ಕೆ ಬರುತ್ತಾನೆ. ಅಲ್ಲಿಯೂ ದೊಡ್ಡ ಅಕ್ಷರದ ತಲೆಬರಹವನ್ನು ಕಂಡು ಗೆದ್ದವರು ಯಾರೆಂದು ತಿಳಿದೊಡನೆ, ಕೆಳಗೆ ಸಣ್ಣಕ್ಷರಗಳಲ್ಲಿ ಅಚ್ಚಾದ ಅಂಕೆಗಳ ಕೋಷ್ಟಕವನ್ನು ಬಿಟ್ಟು ಪುಟ ಮಗುಚುತ್ತಾನೆ. ಆದರೆ ಅರುವತ್ತು ಎಪ್ಪತ್ತು ವರ್ಷ ಕಳೆದ ಮೇಲೆ ಅದೇ ಪತ್ರಿಕೆಯನ್ನು ತೆರೆದು ನೋಡಿದರೆ, ಅಂದು ಘನವಾಗಿ ತೋರಿದ ಭಾಷಣಗಳು ನೀರಸವಾಗಿರುವುವು; ಅಂದು ಯಾರೂ ಲಕ್ಷಿಸದಿದ್ದ ಆ ಸಣ್ಣಕ್ಷರಗಳ ನಡುವೆಯಾದರೋ ಮನುಷ್ಯಸ್ವಭಾವದ ಹಠ, ಔದಾರ್ಯ, ಅಸೂಯೆ, ಸಾಹಸಗಳೆಲ್ಲ ಇನ್ನೂ ಉಸಿರಾಡುತ್ತಿರುವುವು. ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಭಾಷೆಗಳ ಪತ್ರಿಕೆಗಳನ್ನೂ ಓದುವ ಜನರಿರುವ ಬೆಳಗಾವಿ, ಖಾನಾಪುರಗಳಂಥ ಊರುಗಳಿಗೆ ಈ ಮಾತು ವಿಶೇಷವಾಗಿ ಸಲ್ಲತಕ್ಕದ್ದು. ಏಕೆಂದರೆ ಇಲ್ಲಿಯ ಒಬ್ಬ ಓಟಗಾರನ ಕೀರ್ತಿ ಉಳಿದುಕೊಂಡದ್ದು ಇಂಥ ಒಂದು ಸಾಲಿನಿಂದಲೇ.

ಆಟವನ್ನು ಅಂಕೆಗಳ ಕೋಷ್ಟಕದಲ್ಲಿ ಹಿಡಿದಿಡುವ ಈ ಕಲೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಪರಾಕಾಷ್ಠೆಯನ್ನು ಮುಟ್ಟಿತೆಂದು ಹೇಳಬಹುದು. ಅದಕ್ಕೆ ಕಾರಣಪುರುಷರಾದ ಹೆನ್ರಿ ಚಾಡ್‌ವಿಕ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದಲ್ಲಿ. ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಅವರು ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ಪಂದ್ಯಗಳ ವರದಿಯನ್ನೇ ಬರೆಯುತ್ತಿದ್ದರು. ಬೇಸ್‌ಬಾಲ್ ಅವರ ಮನಸ್ಸನ್ನು ಸೆಳೆದ ಬಳಿಕ, ಕ್ರಿಕೆಟ್ಟಿನ ಅಂಕಪಟ್ಟಿಯ ಕ್ರಮವನ್ನೇ ಹೊಸ ಆಟಕ್ಕೆ ಒಗ್ಗಿಸಿ, ಒಬ್ಬೊಬ್ಬ ಆಟಗಾರನ ಒಂದು ದಿನದ ಗೆಯ್ಮೆಯೆಲ್ಲವನ್ನೂ ಒಂದೇ ಸಾಲಿನಲ್ಲಿ ತೋರಿಸುವ ಕೋಷ್ಟಕವನ್ನು ರೂಪಿಸಿದರು. ಆಟವನ್ನು ಕಣ್ಣಾರೆ ನೋಡದವನೂ ಆ ಕೋಷ್ಟಕವನ್ನು ಓದಿ ಇಡೀ ಪಂದ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಲ್ಲವನಾದನು.

ಆ ಕೋಷ್ಟಕಗಳಲ್ಲಿ ಸಿಕ್ಕುವ ವಿಚಿತ್ರಗಳಿಗೆ ಲೆಕ್ಕವಿಲ್ಲ. 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ನಗರದ ಬ್ರೌನ್ಸ್ ತಂಡದ ಒಡೆಯ ಬಿಲ್ ವೀಕ್, ಕೇವಲ ಮೂರಡಿ ಏಳಂಗುಲ ಎತ್ತರದ ಎಡ್ಡಿ ಗೇಡೆಲ್ ಎಂಬವರನ್ನು, ಬೆನ್ನಿನ ಮೇಲೆ ಎಂಟನೆಯ ಒಂದು ಎಂಬ ಭಿನ್ನರಾಶಿಯನ್ನು ಬರೆದ ಅಂಗಿ ತೊಡಿಸಿ ದಾಂಡಿಗನನ್ನಾಗಿ ಕಳುಹಿದರು. ಚೆಂಡು ದಾಂಡಿಗನ ಮೊಣಕಾಲಿಗೂ ಎದೆಯ ಮಟ್ಟಕ್ಕೂ ನಡುವೆ ಹಾಯ್ದುಹೋಗಬೇಕೆಂಬುದು ಆ ಆಟದ ನಿಯಮ. ಹಾಗೆ ಹಾಯದ ಚೆಂಡುಗಳು ನಾಲ್ಕಾದರೆ ದಾಂಡಿಗನಿಗೆ ಮೊದಲ ನೆಲೆ ತಾನಾಗಿಯೇ ದೊರೆಯುತ್ತದೆ. ಅಷ್ಟು ಕುಳ್ಳಗಿನ ದೇಹದ ಮುಂದೆ ಎಸೆತಗಾರನ ಗುರಿ ನಾಲ್ಕು ಸಲವೂ ತಪ್ಪಿತು, ಗೇಡೆಲ್ ಮೊದಲ ನೆಲೆಗೆ ನಡೆದುಹೋದರು. ಆಡಳಿತದವರು ಮರುದಿನವೇ ಅವರ ಕರಾರನ್ನು ರದ್ದುಗೊಳಿಸಿದರೂ ಆ ಒಂದು ಸಾಲು ಮಾತ್ರ ದಾಖಲೆಯಲ್ಲಿ ಶಾಶ್ವತವಾಯಿತು. 1982ರ ಆಗಸ್ಟ್ 4ರಂದು ಜೋಯಲ್ ಯಂಗ್‌ಬ್ಲಡ್ ಎಂಬ ಆಟಗಾರ ಹಗಲಿನಲ್ಲಿ ಶಿಕಾಗೋದಲ್ಲಿ ಒಂದು ತಂಡಕ್ಕಾಗಿ ಚೆಂಡನ್ನು ಹೊಡೆದು, ಆಟದ ನಡುವೆಯೇ ಬೇರೊಂದು ತಂಡಕ್ಕೆ ವರ್ಗಾವಣೆಗೊಂಡು, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ, ಅದೇ ರಾತ್ರಿ ಆ ಹೊಸ ತಂಡಕ್ಕಾಗಿಯೂ ಯಶಸ್ವಿಯಾಗಿ ಹೊಡೆದರು. 1920ರ ಮೇ 1ರಂದು ಬ್ರೂಕ್ಲಿನ್ ಮತ್ತು ಬಾಸ್ಟನ್ ತಂಡಗಳು ಒಂಬತ್ತು ಸರದಿಗಳಲ್ಲಿ ಮುಗಿಯಬೇಕಾದ ಆಟವನ್ನು ಇಪ್ಪತ್ತಾರು ಸರದಿಗಳವರೆಗೆ ಆಡಿ, ಕತ್ತಲಾದುದರಿಂದ 1–1ರ ಸಮಬಲದಲ್ಲಿಯೇ ಅಗಲಿದುವು. ಎರಡೂ ಕಡೆಯ ಎಸೆತಗಾರರು ಮೊದಲಿನಿಂದ ಕಡೆಯವರೆಗೂ ಬದಲಾಗಲಿಲ್ಲ.

ಅಚ್ಚಾದುದೆಲ್ಲ ಸತ್ಯವಲ್ಲವೆಂಬ ಎಚ್ಚರವನ್ನೂ ಅದೇ ಕೋಷ್ಟಕಗಳು ಕಲಿಸುತ್ತವೆ. 1912ರ ಒಂದು ಪಂದ್ಯದ ಪಟ್ಟಿಯಲ್ಲಿ ಲೂ ಪ್ರಾಕ್ಟರ್ ಎಂಬ ಹೆಸರು ಕಾಣಿಸಿಕೊಂಡು ದಶಕಗಳವರೆಗೆ ಬೇಸ್‌ಬಾಲ್‌ನ ವಿಶ್ವಕೋಶದಲ್ಲಿ ಸ್ಥಾನ ಪಡೆದಿತ್ತು. ಹಳೆಯ ಪತ್ರಿಕೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ ಸಂಶೋಧಕರು, ಅಂಥ ಆಟಗಾರ ಅಂದು ಮೈದಾನದಲ್ಲಿಯೇ ಇರಲಿಲ್ಲವೆಂದು ನಿರ್ಣಯಿಸಿದ ಮೇಲೆ ಆ ಹೆಸರನ್ನು ತೆಗೆದುಹಾಕಲಾಯಿತು. ಸುದ್ದಿ ಕಳುಹುವ ತಂತಿ ಕಚೇರಿಯ ನೌಕರನೊಬ್ಬ ತನ್ನ ಹೆಸರನ್ನೇ ನಡುವೆ ಸೇರಿಸಿದ್ದನೆಂಬ ಕಥೆಯೂ ಅದರ ಸುತ್ತ ಬೆಳೆದಿತ್ತು.

ಸಮುದ್ರದಾಚೆಯ ಈ ಸೋಜಿಗಗಳಿಗೆ ಮರುಳಾಗುವ ನಾವು ನಮ್ಮ ನಾಡಿನ ಅಂಕಪಟ್ಟಿಗಳನ್ನು ತೆರೆದರೆ ಅವಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲದ ಕೌತುಕಗಳು ಕಾಣುತ್ತವೆ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ಮದ್ರಾಸಿಗೂ ಮೈಸೂರಿಗೂ 1934ರ ನವೆಂಬರ್ 4ರಂದು ಚೆಪಾಕ್ ಮೈದಾನದಲ್ಲಿ ಆರಂಭವಾಯಿತು; ಆರಂಭವಾದ ದಿನವೇ ಮುಗಿದೂ ಹೋಯಿತು. ಮೈಸೂರು 48 ಮತ್ತು 59 ಓಟಗಳಿಗೆ ಕುಸಿಯಿತು, ಮದ್ರಾಸಿನ 130 ಓಟಗಳೇ ಒಂದು ಇನ್ನಿಂಗ್ಸ್ ಮತ್ತು 23 ಓಟಗಳ ಗೆಲುವಿಗೆ ಸಾಕಾದುವು, ರಾಮ್ ಸಿಂಗ್ ಒಬ್ಬರೇ 35 ಓಟಗಳಿಗೆ 11 ವಿಕೆಟ್ ಕಿತ್ತರು. ಅದೇ ಮೈಸೂರು ತಂಡ 1946ರಲ್ಲಿ ಇಂದೂರಿನಲ್ಲಿ ಹೋಳ್ಕರ್ ತಂಡದೆದುರು ನಿಂತಾಗ, ಆ ಎದುರಾಳಿಗಳಲ್ಲಿ ಆರು ಮಂದಿ ಶತಕ ಹೊಡೆದು ಮೊತ್ತವನ್ನು 8 ವಿಕೆಟ್ಟಿಗೆ 912ಕ್ಕೆ ಏರಿಸಿದರು. ಆ ದಂಡನೆಯನ್ನು ಅನುಭವಿಸಿದ ಮೈಸೂರಿನ ಬಿ. ಕೆ. ಗರುಡಾಚಾರ್ ತಮ್ಮ ಎಸೆಗಾರಿಕೆಯಲ್ಲಿ 301 ಓಟಗಳನ್ನು ತೆತ್ತು 4 ವಿಕೆಟ್ ಪಡೆದರು. ಅಷ್ಟಕ್ಕೆ ಧೃತಿಗೆಡದೆ ದಾಂಡು ಹಿಡಿದಾಗ ತಾವೂ 164 ಓಟಗಳನ್ನು ಗಳಿಸಿದರು. ಒಂದು ತಲೆಬರಹ ಅವರನ್ನು ಸೋತವರ ಸಾಲಿಗೆ ಸೇರಿಸುತ್ತದೆ. ಸಣ್ಣಕ್ಷರದ ಪಟ್ಟಿ ಅವರ ಸ್ಥೈರ್ಯಕ್ಕೆ ಸಾಕ್ಷಿ ನುಡಿಯುತ್ತದೆ.

ಆ ಆರು ಶತಕಗಳಲ್ಲಿ 172 ಓಟಗಳ ಒಂದು ಶತಕ ನಮ್ಮ ನೆರೆಯ ಕೊಲ್ಹಾಪುರದ ಭಾವುಸಾಹೇಬ ನಿಂಬಾಳಕರರದು. ಅವರು 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರದ ಪರವಾಗಿ ಆಡುತ್ತ 443 ಓಟಗಳನ್ನು ಗಳಿಸಿ ಔಟಾಗದೆ ಉಳಿದಿದ್ದರು. ಬ್ರಾಡ್‌ಮನ್ನರ 452 ಓಟಗಳ ಅಂದಿನ ಜಾಗತಿಕ ದಾಖಲೆಗೆ ಒಂಬತ್ತೇ ಓಟಗಳು ಕಡಿಮೆಯಿರುವಾಗ, ಎದುರಾಳಿ ತಂಡದ ನಾಯಕರಾದ ರಾಜಕೋಟದ ಠಾಕೂರಸಾಹೇಬರು, ತಮ್ಮ ತಂಡದ ಮೇಲೆ ಅಂಥ ದಾಖಲೆ ಬರೆಯಲ್ಪಡುವುದು ಬೇಡವೆಂದು ಪಂದ್ಯವನ್ನೇ ಬಿಟ್ಟುಕೊಟ್ಟು ಹೊರಟುಹೋದರು. ಒಂದೂ ಅಧಿಕೃತ ಟೆಸ್ಟ್ ಪಂದ್ಯ ಆಡುವ ಯೋಗವಿಲ್ಲದೆಹೋದ ನಿಂಬಾಳಕರರು 2012ರಲ್ಲಿ, ತಮ್ಮ ತೊಂಬತ್ತಮೂರನೆಯ ಹುಟ್ಟುಹಬ್ಬಕ್ಕೆ ಒಂದೇ ದಿನ ಮುಂಚೆ ತೀರಿಕೊಂಡರು. ಪೂರ್ಣತೆಯ ಹೊಸ್ತಿಲಲ್ಲಿ ನಿಲ್ಲುವುದು ಅವರ ಬಾಳಿನ ಉದ್ದಕ್ಕೂ ಬರೆದಿದ್ದಿತೋ ಏನೋ.

ಕರ್ನಾಟಕದ ಮುಂದಿನ ದಿನಗಳ ಪಟ್ಟಿಗಳೂ ಬರಿದಾಗಿಲ್ಲ. 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ಸಂಜಯ ದೇಸಾಯಿ 218, ರೋಜರ್ ಬಿನ್ನಿ 211 ಓಟ ಗಳಿಸಿ, ಕೇರಳದ ವಿರುದ್ಧ ಒಂದೂ ವಿಕೆಟ್ ಬೀಳದೆ 451 ಎಂಬ ಮೊತ್ತವನ್ನು ಬರೆಸಿದರು. 1981–82ರ ರಣಜಿ ಉಪಾಂತ್ಯ ಪಂದ್ಯದಲ್ಲಿ ಬೆಂಗಳೂರಿನ ಚೆಂಡು ತಿರುಗುವ ಅಂಗಣದ ಮೇಲೆ ರಘುರಾಮ ಭಟ್ಟರ ಎಡಗೈ ಸ್ಪಿನ್ ಬೌಲಿಂಗಿಗೆ ಮುಂಬಯಿ ತತ್ತರಿಸಿದಾಗ, ಸುನೀಲ ಗಾವಸ್ಕರರು ತಮ್ಮ ಜನ್ಮದ ಅಭ್ಯಾಸವನ್ನೇ ಬದಿಗಿಟ್ಟು ಎಡಗೈ ದಾಂಡಿಗರಾಗಿ ನಿಂತು ಆ ಎಸೆತಗಳನ್ನು ತಡೆದರು. ಆ ಪಂದ್ಯವನ್ನು ದಾಟಿದ ಕರ್ನಾಟಕ ಅಂತಿಮ ಪಂದ್ಯದಲ್ಲಿ 705 ಓಟಗಳನ್ನು ಗಳಿಸಿಯೂ ಸೋತಿತು. ದಿಲ್ಲಿಯವರು 8 ವಿಕೆಟ್ಟಿಗೆ 707 ಗಳಿಸಿದ್ದರು. ಇನ್ನು ಪೋಲಿಯೊ ತಗುಲಿದ ಕೈಯಿಂದಲೇ ಜಗತ್ತನ್ನು ಬೆರಗುಗೊಳಿಸಿದ ಬಿ. ಎಸ್. ಚಂದ್ರಶೇಖರರು ತಮ್ಮ 58 ಟೆಸ್ಟ್‌ಗಳಲ್ಲಿ ಗಳಿಸಿದ ಓಟಗಳು 167, ಕಿತ್ತ ವಿಕೆಟ್ಟುಗಳು 242.

ಆದರೆ ಅಂಕೆ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಮರೆಮಾಡುತ್ತದೆಯೆಂಬುದನ್ನು ನಾವು ಮರೆಯಬಾರದು. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಪಟ್ಟಿಯಲ್ಲಿ, ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಹೆಸರಿನ ಮುಂದೆ 114 ವಿಕೆಟ್ಟುಗಳಿವೆ. ಪುಣೆಯಲ್ಲಿ ಮೈದಾನದ ಕಸ ಗುಡಿಸುವ, ನೆಲ ಸಮಮಾಡುವ ಕೆಲಸದಿಂದ ಮೇಲೆ ಬಂದ ಆ ದಲಿತ ಕ್ರೀಡಾಪಟುವಿಗೆ, ತನ್ನದೇ ತಂಡದವರು ಮಂಟಪದೊಳಗೆ ಕುಳಿತು ಚಹಾ ಕುಡಿಯುತ್ತಿರುವಾಗ, ಹೊರಗೆ ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತೆಂಬುದನ್ನು ಯಾವ ಕೋಷ್ಟಕವೂ ಹೇಳಲಾರದು. ಅಂಕೆಯಿಂದ ತೊಡಗಿ ಆ ಮನುಷ್ಯನವರೆಗೆ ನಡೆದುಹೋಗುವ ಕೆಲಸ ಓದುಗನದು, ಚರಿತ್ರಕಾರನದು.

ಈ ಮಾತಿಗೆ ಬೆಳಗಾವಿಯಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಬಂದ ಸರ್ ದೊರಾಬಜಿ ಟಾಟಾ ಅವರು, ರೈತಾಪಿ ಮನೆತನಗಳಿಂದ ಬಂದ ತರುಣರು ಬರಿಗಾಲಿನಲ್ಲಿ ದೀರ್ಘದೂರ ಓಡುವುದನ್ನು ಕಂಡು, ಅವರ ವೇಗ ಯೂರೋಪಿನ ಓಟಗಾರರ ವೇಗಕ್ಕೆ ಬಹಳ ದೂರವಿಲ್ಲವೆಂದು ಮನಗಂಡರು. ಮುಂಬಯಿ ಪ್ರಾಂತದ ಗವರ್ನರರ ಬೆಂಬಲವನ್ನು ದೊರಕಿಸಿ, 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ಚಿಕ್ಕ ತಂಡವನ್ನು ಕಳುಹುವ ಸಾಹಸಕ್ಕೆ ಕೈಹಾಕಿದರು. ಕೆಲವೇ ಜನರ ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣರೊಬ್ಬರಿದ್ದರು. ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನೆರೆಯುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವು. ಅದಕ್ಕೆ ಮೊದಲೇ ಈ ಊರಿನ ಹೆಸರನ್ನು ಹೊತ್ತ ಎರಡು ಕಾಲುಗಳು ಬೆಲ್ಜಿಯಂ ದೇಶದ ರಸ್ತೆಯ ಮೇಲೆ ಓಡಿದುವು.

ಆಗಸ್ಟ್ 22ರಂದು ನಡೆದ ಆ ಮ್ಯಾರಥಾನ್ ಓಟದಲ್ಲಿ 48 ಮಂದಿ ಹೊರಟರು, ಗುರಿ ಮುಟ್ಟಿದವರು 35 ಮಂದಿ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯಿನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಮೊದಲಿಗರಾದರು, ಚೌಗುಲೆಯವರು 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದರು. ಹತ್ತೊಂಬತ್ತನೆಯ ಸ್ಥಾನವೆಂಬುದು ತಲೆಬರಹಕ್ಕೆ ಏರತಕ್ಕದ್ದಲ್ಲ. ಆದರೆ ಆ ಸಾಲನ್ನು ನಿಧಾನವಾಗಿ ಓದಿದವನಿಗೆ ಇನ್ನೊಂದು ಸಂಗತಿ ಹೊಳೆಯುತ್ತದೆ: ಆಂಟ್‌ವರ್ಪ್‌ನ ಮಾರ್ಗದ ಉದ್ದ 42.75 ಕಿಲೋಮೀಟರು, ಒಲಿಂಪಿಕ್ಸಿನ ಚರಿತ್ರೆಯಲ್ಲಿಯೇ ಅತ್ಯಂತ ದೀರ್ಘವಾದ ಮ್ಯಾರಥಾನ್ ಅದು. ಇಂದು ನಿಯತವಾದ 42.195 ಕಿಲೋಮೀಟರಿಗಿಂತ ಅದು 555 ಮೀಟರು ಹೆಚ್ಚು. ಅದೇ ನಡೆಯಲ್ಲಿ ಇಂದಿನ ದೂರವನ್ನು ಲೆಕ್ಕ ಹಾಕಿದರೆ ಚೌಗುಲೆಯವರ ಕಾಲ ಸುಮಾರು 2 ಗಂಟೆ 48½ ನಿಮಿಷಕ್ಕೆ ಇಳಿಯುತ್ತದೆ. ಪರಾಧೀನವಾಗಿದ್ದ ದೇಶದಿಂದ, ಬರಿಗಾಲಿನ ಓಟದ ಪರಂಪರೆಯಿಂದ, ಅಪರಿಚಿತವಾದ ಹವೆಗೂ ಆಹಾರಕ್ಕೂ ಹೊಂದಿಕೊಂಡು ಓಡಿದವರು ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಹಿಂದಿಕ್ಕಿದುದು ಸಾಮಾನ್ಯವಾದ ಸಾಧನೆಯಲ್ಲ. ಬ್ರೂಕ್ಲಿನ್–ಬಾಸ್ಟನ್ನುಗಳ ಇಪ್ಪತ್ತಾರು ಸರದಿಗಳ ಆಟ ನಡೆದುದೂ ಅದೇ ವರ್ಷ. ಅಮೆರಿಕನ್ನರು ಅದನ್ನು ಇಂದಿಗೂ ಹಾಡಿ ಹೊಗಳುತ್ತಿರುವಾಗ, ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ಚೌಗುಲೆಯವರ ಹೆಸರನ್ನು ಬಲ್ಲರು?

ದಂಡಿನ ಊರಾದ ಬೆಳಗಾವಿಗೆ ಹಾಕಿಯ ಅಂಕೆಗಳೂ ಸಂಬಂಧಪಟ್ಟಿವೆ. ಇಲ್ಲಿ ತರಬೇತಿ ಕೇಂದ್ರವುಳ್ಳ ಮರಾಠಾ ಲಘು ಪದಾತಿದಳದ ಯೋಧರಾದ ಗೋಲುಕೀಪರ್ ಶಂಕರ ಲಕ್ಷ್ಮಣರು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಭಾರತ ಅಲ್ಲಿ ಹೊಡೆದ ಗೋಲುಗಳು 38, ಬಿಟ್ಟುಕೊಟ್ಟದ್ದು ಸೊನ್ನೆ. ಮತ್ತೆ ಅವರು ಗೋಲು ಕಾದ 1964ರ ಟೋಕಿಯೊ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದು ಚಿನ್ನದ ಪದಕದಲ್ಲಿ ಭಾಗಿಗಳಾದರು. ಇತ್ತೀಚೆಗೆ 2019ರಲ್ಲಿ ಬೆಳಗಾವಿಯ ಕ್ರಿಕೆಟ್ ಅಂಗಣದಲ್ಲಿ ಶ್ರೀಲಂಕಾ ‘ಎ’ ತಂಡದ ವಿರುದ್ಧ ಅಭಿಮನ್ಯು ಈಶ್ವರನ್ 233 ಓಟಗಳನ್ನೂ, ಕೆಲವೇ ದಿನಗಳ ಬಳಿಕ ಋತುರಾಜ ಗಾಯಕವಾಡ 136 ಎಸೆತಗಳಲ್ಲಿ ಔಟಾಗದೆ 187 ಓಟಗಳನ್ನೂ ಗಳಿಸಿದರು. ಇವೆಲ್ಲ ಗಣಕಯಂತ್ರದ ಸ್ಮೃತಿಯಲ್ಲಿ ಭದ್ರವಾಗಿರುವುದರಿಂದ ಅವುಗಳ ಚಿಂತೆಯಿಲ್ಲ.

ಚಿಂತೆಯಿರುವುದು ಖಾನಾಪುರ ತಾಲೂಕಿನ, ಬೆಳಗಾವಿಯ ಸುತ್ತಣ ಹಳ್ಳಿಗಳ ಆಟಗಳ ವಿಷಯದಲ್ಲಿ. ಜಾತ್ರೆಯ ಮರುದಿನ ಕೆಂಪು ಮಣ್ಣಿನ ಕಣದಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ, ಅಂಕಗಳ ಲೆಕ್ಕವಿಲ್ಲ. ಒಬ್ಬನ ಬೆನ್ನು ನೆಲ ಮುಟ್ಟಿದಾಗಲೇ ತೀರ್ಪು. ಯಾವ ಗರಡಿಯ ಪೈಲವಾನ ಯಾರನ್ನು ಯಾವ ಪಟ್ಟಿನಿಂದ ಚಿತ್ತು ಮಾಡಿದನೆಂಬುದಕ್ಕೆ ಮರುದಿನದ ಸ್ಥಳೀಯ ಪತ್ರಿಕೆಯ ನಾಲ್ಕು ಸಾಲಿಗಿಂತ ಬೇರೆ ಆಧಾರವಿರುವುದು ಅಪರೂಪ. ಬೆಳಗಾವಿಯಲ್ಲಿ ‘ತರುಣ ಭಾರತ’ ಹುಟ್ಟಿದ್ದು 1919ರಲ್ಲಿ, ಚೌಗುಲೆಯವರು ಆಂಟ್‌ವರ್ಪ್‌ಗೆ ಹೊರಡುವ ಹಿಂದಿನ ವರ್ಷ. ಕನ್ನಡದ, ಮರಾಠಿಯ ಇಂಥ ಪತ್ರಿಕೆಗಳ ಹಳೆಯ ಸಂಪುಟಗಳೇ ನಮ್ಮ ಆಟದ ಚರಿತ್ರೆಗೆ ಮೂಲಸಾಮಗ್ರಿ. ಆದರೆ ಮರದ ತಿರುಳಿನಿಂದ ಮಾಡಿದ ಪತ್ರಿಕೆಯ ಕಾಗದ ಬೆಳಕಿಗೂ ಗಾಳಿಗೂ ಒಡ್ಡಿದಂತೆ ಹಳದಿಯಾಗಿ, ತನ್ನೊಳಗಿನ ಆಮ್ಲದಿಂದಲೇ ಸವೆದು, ಕಡೆಗೆ ಬೆರಳು ತಾಗಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಸಹ್ಯಾದ್ರಿಯ ಸೆರಗಿನ ಖಾನಾಪುರದ ಮಳೆಗಾಲದ ತೇವವಂತೂ ಗೆದ್ದಲಿಗೂ ಬೂಷ್ಟಿಗೂ ಆಮಂತ್ರಣವಿತ್ತಂತೆಯೇ ಸರಿ.

ಆದುದರಿಂದ ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ಮನೆಯ ಅಟ್ಟದ ಮೇಲೆ ಹಳೆಯ ಪತ್ರಿಕೆಯ ಕಟ್ಟು ಇದ್ದವರು ಅದನ್ನು ರದ್ದಿಗೆ ತೂಗಿಸುವ ಮುನ್ನ ಆಟದ ಪುಟಗಳನ್ನೊಮ್ಮೆ ನೋಡಲಿ, ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ದಿನಾಂಕ, ಪತ್ರಿಕೆಯ ಹೆಸರುಗಳೊಂದಿಗೆ ಬರೆದಿಡಲಿ. ಕ್ರಿಕೆಟ್ ಕ್ಲಬ್ಬುಗಳೂ ಗರಡಿಗಳೂ ತಮ್ಮ ಅಂಕಪುಸ್ತಕಗಳನ್ನೂ ಕುಸ್ತಿಯ ಜಾಹೀರಾತು ಪತ್ರಗಳನ್ನೂ ಗ್ರಂಥಾಲಯಗಳಿಗೆ ಒಪ್ಪಿಸಲಿ. ಒಂದೇ ಪಂದ್ಯದ ವರದಿಯನ್ನು ಕನ್ನಡ ಪತ್ರಿಕೆಯಲ್ಲಿಯೂ ಮರಾಠಿ ಪತ್ರಿಕೆಯಲ್ಲಿಯೂ ಓದಿ ಹೋಲಿಸುವ ಅಭ್ಯಾಸವನ್ನು ಕಾಲೇಜಿನ ವಿದ್ಯಾರ್ಥಿಗಳು ಮಾಡಲಿ, ಏಕೆಂದರೆ ಇಲ್ಲದ ಪ್ರಾಕ್ಟರರನ್ನು ಹೊರಗೆ ಹಾಕುವುದಕ್ಕೂ ಇದ್ದ ಚೌಗುಲೆಯವರನ್ನು ಒಳಗೆ ಕರೆಯುವುದಕ್ಕೂ ದಾರಿ ಅದೊಂದೇ. ಎರಡು ಭಾಷೆಗಳನ್ನು ಬಲ್ಲ ಈ ಗಡಿನಾಡಿನ ಓದುಗರಿಗೆ ಆ ಕೆಲಸಕ್ಕೆ ಬೇಕಾದ ಅರ್ಹತೆ ಹುಟ್ಟಿನಿಂದಲೇ ಬಂದಿದೆ. ರಾಜರಿಗೆ ಶಾಸನಗಳಿವೆ, ನಾಯಕರಿಗೆ ಪ್ರತಿಮೆಗಳಿವೆ. ಹೊಲದ ಕೆಲಸ ಮುಗಿಸಿ ಓಡಿದವನಿಗೂ ಕಣಕ್ಕಿಳಿದವನಿಗೂ ಸಣ್ಣಕ್ಷರದ ಆ ಒಂದು ಸಾಲೇ ಶಾಸನ, ಅದನ್ನು ಕಾಯುವ ಹೊಣೆ ಓದಬಲ್ಲ ಪ್ರತಿಯೊಬ್ಬರದು.