ಹೆದ್ದಾರಿ ದಟ್ಟಣೆಗೆ ‘ಕಾರ್‌ಪೂಲ್’ ಪಥ ಪರಿಹಾರವೇ?

ಸಂಪಾಜೆ: ಬಂಟ್ವಾಳದ ಬಿ.ಸಿ. ರೋಡಿನಿಂದ ಹೊರಟು ಪುತ್ತೂರು, ಸುಳ್ಯಗಳನ್ನು ಹಾದು ಬರುವ ರಾಷ್ಟ್ರೀಯ ಹೆದ್ದಾರಿ 275, ಸಂಪಾಜೆಯಲ್ಲಿ ಘಟ್ಟವೇರಿ ಮಡಿಕೇರಿ, ಕುಶಾಲನಗರ, ಹುಣಸೂರುಗಳ ಮೂಲಕ ಮೈಸೂರನ್ನು ಸೇರುತ್ತದೆ. ಅಲ್ಲಿಂದ ಮುಂದೆ ಬೆಂಗಳೂರಿನತ್ತ ಸಾಗುತ್ತದೆ. ರಸ್ತೆಯ ಸಂಖ್ಯೆ ಒಂದೇ ಆದರೂ ಸ್ವರೂಪ ಒಂದೇ ಅಲ್ಲ. ಮೈಸೂರಿನಿಂದಾಚೆ ಅದು ಆರು ಪಥಗಳ ವಿಶಾಲ ಹೆದ್ದಾರಿ. ಸಂಪಾಜೆ ಘಟ್ಟದಲ್ಲಿ ಹೋಗುವವರಿಗೊಂದು, ಬರುವವರಿಗೊಂದು ಪಥ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಮರಿ.

ಈ ಎರಡೂ ತುದಿಗಳಲ್ಲಿ ಸಮಾನವಾಗಿ ಕಾಣುವ ದೃಶ್ಯವೊಂದಿದೆ. ಐದು ಜನ ಕೂರಬಹುದಾದ ಕಾರಿನಲ್ಲಿ ಒಬ್ಬರೋ ಇಬ್ಬರೋ ಪ್ರಯಾಣಿಸುತ್ತಾರೆ. ಅದರ ಹಿಂದೆ ಅಂಥದೇ ಇನ್ನೊಂದು ಕಾರು, ಅದರ ಹಿಂದೆ ಮತ್ತೊಂದು. ರಸ್ತೆ ತುಂಬಿರುತ್ತದೆ, ಆಸನಗಳು ಖಾಲಿ ಇರುತ್ತವೆ. ಈ ಖಾಲಿ ಆಸನಗಳನ್ನು ತುಂಬಿಸಿದರೆ ದಟ್ಟಣೆ ಕರಗೀತೇ? ಹೆಚ್ಚು ಜನರನ್ನು ಹೊತ್ತ ವಾಹನಗಳಿಗೆ ಪ್ರತ್ಯೇಕ ಪಥವನ್ನೇ ಬಿಟ್ಟುಕೊಟ್ಟರೆ ಜನ ಒಟ್ಟಾಗಿ ಪ್ರಯಾಣಿಸಲು ಮುಂದಾಗುವರೇ? ಜಗತ್ತಿನ ಹಲವು ನಗರಗಳು ಐದು ದಶಕಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ.

ಏನಿದು ಪ್ರತ್ಯೇಕ ಪಥ?

ಅಮೆರಿಕದ ವರ್ಜೀನಿಯಾ ರಾಜ್ಯದಿಂದ ರಾಜಧಾನಿ ವಾಷಿಂಗ್ಟನ್‌ಗೆ ಹೋಗುವ ಶರ್ಲಿ ಹೆದ್ದಾರಿಯಲ್ಲಿ 1969ರಲ್ಲಿ ಬಸ್ಸುಗಳಿಗಾಗಿಯೇ ಪ್ರತ್ಯೇಕ ಪಥ ತೆರೆಯಲಾಯಿತು. ತೈಲ ಬಿಕ್ಕಟ್ಟು ತಲೆದೋರಿದ 1973ರ ಕೊನೆಯಲ್ಲಿ, ಕನಿಷ್ಠ ನಾಲ್ವರು ಪ್ರಯಾಣಿಸುವ ಕಾರುಗಳಿಗೂ ಆ ಪಥದಲ್ಲಿ ಅವಕಾಶ ದೊರೆಯಿತು. ‘ಕಾರ್‌ಪೂಲ್ ಪಥ’ ಎಂಬ ಕಲ್ಪನೆ ಬೇರೂರಿದ್ದು ಹೀಗೆ.

ನಿಯಮ ಸರಳವಾದುದು. ದಟ್ಟಣೆಯ ವೇಳೆಯಲ್ಲಿ ಒಂದು ಪಥವನ್ನು ಬಸ್ಸುಗಳಿಗೆ ಮತ್ತು ನಿಗದಿತ ಸಂಖ್ಯೆಯ ಪ್ರಯಾಣಿಕರಿರುವ ಕಾರುಗಳಿಗೆ ಮೀಸಲಿಡಲಾಗುತ್ತದೆ. ಒಂಟಿಯಾಗಿ ಕಾರು ನಡೆಸುವವರು ಉಳಿದ ಪಥಗಳಲ್ಲೇ ಸಾಗಬೇಕು. ಪಕ್ಕದ ಪಥದ ವಾಹನಗಳು ಸರಾಗವಾಗಿ ಓಡುವುದನ್ನು ದಿನವೂ ನೋಡುವವನು ನಾಳೆ ನೆರೆಯವನನ್ನು ಜೊತೆಗೆ ಕೂರಿಸಿಕೊಂಡು ಬಂದಾನು ಎಂಬುದು ಯೋಜಕರ ಎಣಿಕೆ. ಸಮಯದ ಉಳಿತಾಯವೇ ಇಲ್ಲಿನ ಬಹುಮಾನ.

ಲೆಕ್ಕ ಏನು ಹೇಳುತ್ತದೆ?

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಂದು ದಿಕ್ಕಿಗೆ ಮೂರು ಪಥಗಳಿರುವ ರಸ್ತೆಯಲ್ಲಿ ಪ್ರತಿ ಪಥ ಗಂಟೆಗೆ 1,800 ಕಾರುಗಳನ್ನು ಸಾಗಿಸುತ್ತದೆ, ಪ್ರತಿ ಕಾರಿನಲ್ಲಿ ಸರಾಸರಿ ಒಂದೂವರೆ ಜನರಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ ಒಂದು ಪಥ ಗಂಟೆಗೆ 2,700 ಜನರನ್ನು ಸಾಗಿಸಿದಂತಾಯಿತು.

ಈಗ ಒಂದು ಪಥವನ್ನು ಮೂವರಿರುವ ಕಾರುಗಳಿಗೆ ಮೀಸಲಿಟ್ಟರೆ? ಅಂಥ 900 ಕಾರುಗಳು ಬಂದರೆ ಸಾಕು, ಅದೇ 2,700 ಜನ ಸಾಗುತ್ತಾರೆ. ನೋಡುವವರಿಗೆ ಪಥ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ. ಕೆಲಸ ಮಾತ್ರ ಪೂರ್ತಿ ನಡೆದಿರುತ್ತದೆ. ಆದರೆ ಬಂದದ್ದು 400 ಕಾರುಗಳು ಮಾತ್ರ ಎಂದಾದರೆ ಸಾಗುವವರು 1,200 ಜನ. ಉಳಿದ 1,500 ಜನರ ಹೊರೆ ಮೊದಲೇ ತುಂಬಿರುವ ಎರಡು ಪಥಗಳ ಮೇಲೆ ಬೀಳುತ್ತದೆ. ಅಲ್ಲಿಗೆ ದಟ್ಟಣೆ ಇಳಿಯುವ ಬದಲು ಏರುತ್ತದೆ.

ಅದೇ 400 ಕಾರುಗಳ ಜೊತೆಗೆ ಗಂಟೆಗೆ 50 ಬಸ್ಸುಗಳು, ತಲಾ 40 ಪ್ರಯಾಣಿಕರೊಂದಿಗೆ ಆ ಪಥದಲ್ಲಿ ಓಡಿದರೆ ಒಟ್ಟು 3,200 ಜನ ಸಾಗುತ್ತಾರೆ. ಸಾಧಾರಣ ಪಥಕ್ಕಿಂತ ಇದು 500 ಹೆಚ್ಚು. ಕಾರುಗಳಿಗೆ ಹೋಲಿಸಿದರೆ ಬೆರಳೆಣಿಕೆಯಷ್ಟಿರುವ ಬಸ್ಸುಗಳೇ ಇಡೀ ಲೆಕ್ಕವನ್ನು ತಿರುಗಿಸಿಬಿಡುತ್ತವೆ. ಕಾರ್‌ಪೂಲ್ ಪಥದ ಯಶಸ್ಸು ಬಹುಪಾಲು ಬಸ್ಸಿನ ಯಶಸ್ಸು ಎಂಬುದು ಇದರಿಂದ ಸ್ಪಷ್ಟ.

ಇನ್ನೊಂದು ತೊಡಕೂ ಇದೆ. ಜೊತೆಯಾಗಿ ಪ್ರಯಾಣಿಸುವವರಲ್ಲಿ ದೊಡ್ಡ ಪಾಲು ಒಂದೇ ಮನೆಯವರದು ಎಂದು ಅಮೆರಿಕದ ಅಧ್ಯಯನಗಳು ಗುರುತಿಸಿವೆ. ಗಂಡ, ಹೆಂಡತಿ, ಮಗು ಒಂದೇ ಕಾರಿನಲ್ಲಿ ಹೋಗುವುದು ಪಥ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅಂಥವರು ಪಥ ಬದಲಿಸಿದ ಮಾತ್ರಕ್ಕೆ ರಸ್ತೆಯಿಂದ ಒಂದು ಕಾರೂ ಕಡಿಮೆಯಾಗುವುದಿಲ್ಲ.

ಹೊರನಾಡುಗಳ ಪಾಠ

ಇದ್ದ ಪಥವನ್ನು ಕಸಿದುಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ಲಾಸ್ ಏಂಜಲಿಸ್ ಸಾಕ್ಷಿ. ಅಲ್ಲಿನ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ 1976ರ ಮಾರ್ಚ್‌ನಲ್ಲಿ ಹೊಸ ಪಥ ನಿರ್ಮಿಸದೆ ಇದ್ದುದನ್ನೇ ಮೀಸಲಿಡಲಾಯಿತು. ವಾಹನ ಸವಾರರು ರೊಚ್ಚಿಗೆದ್ದರು. ಐದು ತಿಂಗಳೊಳಗೆ ನ್ಯಾಯಾಲಯದ ಆದೇಶದಿಂದ ಪ್ರಯೋಗ ನಿಂತಿತು. ನ್ಯೂಜೆರ್ಸಿ ರಾಜ್ಯ 1998ರಲ್ಲಿ ತನ್ನ ಎರಡು ಹೆದ್ದಾರಿಗಳ ಮೀಸಲು ಪಥಗಳನ್ನು ಸಾರ್ವಜನಿಕರ ಒತ್ತಡಕ್ಕೆ ಮಣಿದು ಎಲ್ಲರಿಗೂ ತೆರೆಯಿತು.

ಇದಕ್ಕೆ ವ್ಯತಿರಿಕ್ತವಾಗಿ ವಾಷಿಂಗ್ಟನ್ ಸುತ್ತಮುತ್ತ ವಿಚಿತ್ರ ಪದ್ಧತಿಯೊಂದು ತಾನಾಗಿ ಬೆಳೆಯಿತು. ಕಾರಿನವನಿಗೆ ವೇಗದ ಪಥ ಬೇಕು, ಅದಕ್ಕೆ ತಲೆಗಳು ಬೇಕು. ಕಾರಿಲ್ಲದವನಿಗೆ ನಗರ ಸೇರಬೇಕು. ಇಬ್ಬರೂ ಗೊತ್ತಾದ ಜಾಗದಲ್ಲಿ ಸಂಧಿಸುತ್ತಾರೆ. ಅಪರಿಚಿತರು ಸರತಿಯಲ್ಲಿ ನಿಂತು ಅಪರಿಚಿತರ ಕಾರು ಏರುತ್ತಾರೆ. ಹಣದ ಮಾತೇ ಇಲ್ಲ. ಯಾವ ಸರ್ಕಾರವೂ ರೂಪಿಸದ ಈ ವ್ಯವಸ್ಥೆ ದಶಕಗಳ ಕಾಲ ಉಳಿದು ಬಂತು.

ಭಾರತಕ್ಕೆ ಹೆಚ್ಚು ಹತ್ತಿರವಾದ ಪಾಠ ಇಂಡೊನೇಷ್ಯಾದ ಜಕಾರ್ತದ್ದು. ಅಲ್ಲಿ ಮೀಸಲಿಟ್ಟದ್ದು ಪಥವನ್ನಲ್ಲ, ಪ್ರಮುಖ ರಸ್ತೆಗಳನ್ನೇ. 1992ರಿಂದ, ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಮೂವರಿಲ್ಲದ ಕಾರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಡವರು ರಸ್ತೆ ಬದಿಯಲ್ಲಿ ನಿಂತು ‘ಬಾಡಿಗೆ ಪ್ರಯಾಣಿಕ’ರಾಗಿ ಕಾರು ಹತ್ತುವುದು ಉದ್ಯೋಗವೇ ಆಯಿತು, ತಲೆ ಲೆಕ್ಕಕ್ಕಾಗಿ ಕೂಸುಗಳನ್ನು ಎತ್ತಿಕೊಂಡು ನಿಲ್ಲುವವರೂ ಇದ್ದರು. ನಿಯಮ ನಗೆಪಾಟಲಾಗಿದೆ ಎಂದು ಭಾವಿಸಿದ ಆಡಳಿತ 2016ರಲ್ಲಿ ಅದನ್ನು ರದ್ದುಪಡಿಸಿತು. ಆಮೇಲೆ ನಡೆದದ್ದೇ ಅಚ್ಚರಿ. 2017ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಿಯಮ ತೆಗೆದ ಬಳಿಕ ಸಂಜೆಯ ವಿಳಂಬ ಪ್ರತಿ ಕಿಲೋಮೀಟರಿಗೆ 2.8 ನಿಮಿಷದಿಂದ 5.3 ನಿಮಿಷಕ್ಕೆ ಏರಿತು. ನಿರ್ಬಂಧವಿಲ್ಲದಿದ್ದ ರಸ್ತೆಗಳಲ್ಲೂ ದಟ್ಟಣೆ ಹೆಚ್ಚಿತು. ವಂಚನೆಯ ನಡುವೆಯೂ ನಿಯಮ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು.

ನಮ್ಮ ನೆಲದ ಪ್ರಯೋಗಗಳು

ಕರ್ನಾಟಕದಲ್ಲಿ ಕಾರ್‌ಪೂಲ್‌ಗಾಗಿ ಮೀಸಲಾದ ಪಥದ ನಿಡುಗಾಲದ ಅನುಭವ ಇಲ್ಲ. ಬಸ್ಸಿಗೆ ಮೀಸಲಿಟ್ಟ ಪಥಗಳ ಅನುಭವ ಇದೆ.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನಿಂದ ಕೆ.ಆರ್. ಪುರದ ದಿಕ್ಕಿಗೆ 2019ರ ಕೊನೆಯಲ್ಲಿ ಬಸ್ ಆದ್ಯತಾ ಪಥ ಆರಂಭವಾಯಿತು. ಮೊದಲ ದಿನಗಳಲ್ಲಿ ಬಸ್ಸುಗಳ ವೇಗ ಹೆಚ್ಚಿತು. ಕೆಲವೇ ತಿಂಗಳಲ್ಲಿ ಕೊರೊನಾ ಬಂದು ಐ.ಟಿ. ಕಚೇರಿಗಳು ಬಾಗಿಲು ಹಾಕಿದವು. ಬಳಿಕ ಅದೇ ಮಾರ್ಗದಲ್ಲಿ ಮೆಟ್ರೊ ಕಾಮಗಾರಿ ನಡೆಯಿತು. ಪಥವನ್ನು ಬೇರ್ಪಡಿಸಿದ್ದ ಕಂಬಗಳು ಮಾಯವಾದವು. ಆದ್ಯತೆಯೂ ಅವುಗಳೊಡನೆ ಹೋಯಿತು.

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವೆ 2018ರಲ್ಲಿ ಓಡಾಟ ಆರಂಭಿಸಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಗೆ ಸುಮಾರು 22 ಕಿ.ಮೀ. ಉದ್ದದ ಪ್ರತ್ಯೇಕ ಮಾರ್ಗವಿದೆ. ‘ಚಿಗರಿ’ ಬಸ್ಸುಗಳು ಅಲ್ಲಿ ಅಡೆತಡೆಯಿಲ್ಲದೆ ಓಡುತ್ತವೆ. ಆದರೆ ಪಕ್ಕದ ರಸ್ತೆಯಲ್ಲಿ ಸಿಲುಕಿದವರಿಗೆ ಆ ಮಾರ್ಗ ಖಾಲಿ ಬಿದ್ದಂತೆ ತೋರುತ್ತದೆ, ಎಲ್ಲರಿಗೂ ತೆರೆಯಬೇಕೆಂಬ ಕೂಗು ಏಳುತ್ತದೆ. ಮೇಲಿನ ಲೆಕ್ಕ ಅರ್ಥವಾಗದೆ ಹೋದರೆ ಯಾವ ಮೀಸಲು ಪಥವೂ ಈ ಕೂಗಿನೆದುರು ಬಹುಕಾಲ ನಿಲ್ಲಲಾರದು.

ಬೆಂಗಳೂರು-ಮೈಸೂರು ನಡುವಿನ ಹೆದ್ದಾರಿಯಲ್ಲಿ ಇನ್ನೊಂದು ಬಗೆಯ ವಿಂಗಡಣೆ ಆಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯ ಮುಖ್ಯ ಪಥಗಳಿಗೆ, ಅಪಘಾತಗಳ ಹಿನ್ನೆಲೆಯಲ್ಲಿ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶ ನಿಷೇಧಿಸಲಾಯಿತು. ಅಲ್ಲಿ ಜಾರಿ ಸುಲಭ. ವಾಹನದ ಬಗೆ ಕಣ್ಣಿಗೆ ಕಾಣುತ್ತದೆ. ಕಾರಿನೊಳಗೆ ಎಷ್ಟು ಜನರಿದ್ದಾರೆಂದು ಕಪ್ಪು ಗಾಜಿನಾಚೆಯಿಂದ, ಮಳೆಯಲ್ಲಿ, ಕತ್ತಲಲ್ಲಿ ಎಣಿಸುವುದು ಸುಲಭವಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಕ್ಕೂ ಅದು ಕಠಿಣವೇ. ಬೆಂಗಳೂರಿನ ವಾಹನಗಳಲ್ಲಿ ಮೂರನೇ ಎರಡರಷ್ಟು ದ್ವಿಚಕ್ರ ವಾಹನಗಳು ಎಂಬುದೂ ಗಮನಾರ್ಹ. ಇಬ್ಬರಿರುವ ಸ್ಕೂಟರ್‌ಗೆ ಮೀಸಲು ಪಥದಲ್ಲಿ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ನಿಯಮದ ನಕಲು ಬಗೆಹರಿಸದು.

ಕಾನೂನಿನ ತೊಡಕು

ಜೊತೆಯಾಗಿ ಪ್ರಯಾಣಿಸಿ ಎಂದು ಹೇಳುವ ಮೊದಲು ಅದು ತಪ್ಪಲ್ಲ ಎಂಬ ಭರವಸೆ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ, ಪರವಾನಗಿ ಇಲ್ಲದೆ ಬಾಡಿಗೆಗೆ ಜನರನ್ನು ಸಾಗಿಸುವಂತಿಲ್ಲ. ಪರಿಚಿತರನ್ನು ಉಚಿತವಾಗಿ ಕರೆದೊಯ್ಯುವುದಕ್ಕೆ ಅಡ್ಡಿಯಿಲ್ಲ. ಪೆಟ್ರೋಲ್ ಖರ್ಚು ಹಂಚಿಕೊಂಡರೆ ಅದು ಬಾಡಿಗೆಯೋ ಅಲ್ಲವೋ ಎಂಬಲ್ಲಿಂದ ಗೊಂದಲ ಶುರುವಾಗುತ್ತದೆ.

ಕೇಂದ್ರ ಸರ್ಕಾರ 2020ರ ನವೆಂಬರ್‌ನ ಮಾರ್ಗಸೂಚಿಯಲ್ಲಿ, ರಾಜ್ಯಗಳು ನಿಷೇಧಿಸದಿದ್ದರೆ ಖಾಸಗಿ ಕಾರುಗಳಲ್ಲಿ ನಗರದೊಳಗೆ ದಿನಕ್ಕೆ ನಾಲ್ಕು, ಊರೂರುಗಳ ನಡುವೆ ವಾರಕ್ಕೆ ಎರಡು ಹಂಚಿಕೆಯ ಪ್ರಯಾಣಗಳಿಗೆ ಅವಕಾಶ ಕಲ್ಪಿಸಿತ್ತು. 2025ರಲ್ಲಿ ಆ ಮಾರ್ಗಸೂಚಿ ಪರಿಷ್ಕೃತಗೊಂಡಿತು. ಕರ್ನಾಟಕದಲ್ಲಿ 2023ರಲ್ಲಿ, ಅನುಮತಿಯಿಲ್ಲದ ಆ್ಯಪ್‌ಗಳ ಮೂಲಕ ವೈಟ್‌ಬೋರ್ಡ್ ಕಾರುಗಳಲ್ಲಿ ಹಣಕ್ಕೆ ಜನರನ್ನು ಸಾಗಿಸುವುದು ಕಾನೂನುಬಾಹಿರ ಎಂದು ಸಾರಿಗೆ ಇಲಾಖೆ ಎಚ್ಚರಿಸಿತು. ಸಾಲ ಮಾಡಿ ಟ್ಯಾಕ್ಸಿ ಕೊಂಡು, ತೆರಿಗೆ ಕಟ್ಟಿ, ಪರ್ಮಿಟ್ ಪಡೆದ ಚಾಲಕರ ದೂರು ಅದರ ಹಿಂದಿತ್ತು. ಅವರ ಸಂಕಟ ಸುಳ್ಳಲ್ಲ. ಖರ್ಚು ಹಂಚಿಕೊಳ್ಳುವ ಸಹೋದ್ಯೋಗಿಗಳನ್ನೂ ಲಾಭಕ್ಕೆ ಓಡಿಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬ ವಾದವೂ ಸುಳ್ಳಲ್ಲ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯದೆ ಕಾರ್‌ಪೂಲ್‌ಗೆ ಪಥ ಕಟ್ಟಿದರೆ, ಅದರಲ್ಲಿ ಓಡುವ ಕಾರಿಗೇ ದಂಡ ಬೀಳುವ ಪ್ರಸಂಗ ಬರಬಹುದು.

ಸಂಪಾಜೆಯ ಮಾತು ಬೇರೆ

ಪಯಸ್ವಿನಿಯ ತಟದ ಸಂಪಾಜೆಯಲ್ಲಿ ಮೀಸಲಿಡಲು ಹೆಚ್ಚುವರಿ ಪಥವೇ ಇಲ್ಲ. ದಿಕ್ಕಿಗೊಂದೇ ಪಥವಿರುವ ಘಟ್ಟದಲ್ಲಿ ಭಾರ ಹೊತ್ತ ಒಂದು ಲಾರಿ ಏರುತ್ತಿದ್ದರೆ, ಅದರ ವೇಗವೇ ಹಿಂದಿನ ಎಲ್ಲರ ವೇಗ. ಇಲ್ಲಿನ ದಟ್ಟಣೆ ಬೆಂಗಳೂರಿನಂತೆ ದಿನನಿತ್ಯದ ಕಚೇರಿ ವೇಳೆಯದ್ದಲ್ಲ. ವಾರಾಂತ್ಯ, ಸಾಲು ರಜೆಗಳಲ್ಲಿ ಕೊಡಗಿನತ್ತ ಹರಿಯುವ ಪ್ರವಾಸಿಗರದ್ದು. ಶಿರಾಡಿ ಘಾಟಿ ಮುಚ್ಚಿದಾಗ ಇತ್ತ ತಿರುಗುವ ವಾಹನಗಳದ್ದು. ಕಾಂಕ್ರೀಟ್ ಕಾಮಗಾರಿಗಾಗಿ 2018ರ ಆರಂಭದಲ್ಲಿ ಶಿರಾಡಿ ಬಂದ್ ಆದಾಗ ಅಲ್ಲಿನ ಹೊರೆಯ ಒಂದು ಪಾಲನ್ನು ಸಂಪಾಜೆ ಹೊತ್ತಿತ್ತು.

ಹಾಗಾದರೆ ರಸ್ತೆ ಅಗಲಿಸಬಾರದೇ? ಉತ್ತರವನ್ನು ಗುಡ್ಡವೇ ಕೊಟ್ಟಿದೆ. ಅದೇ 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಬೆಟ್ಟ ಕುಸಿದು ಜೀವಹಾನಿಯಾಯಿತು. ಹೆದ್ದಾರಿ ವಾರಗಟ್ಟಲೆ ಕಡಿದುಹೋಯಿತು. 2024ರ ಜುಲೈಯಲ್ಲಿ ಕರ್ತೋಜಿ ಬಳಿ ಬಿರುಕು ಕಾಣಿಸಿಕೊಂಡಾಗ ಸಂಪಾಜೆ-ಮಡಿಕೇರಿ ನಡುವೆ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಬೇಕಾಯಿತು. ಇಂಥ ಇಳಿಜಾರಿನಲ್ಲಿ ಪಥಕ್ಕಾಗಿ ಗುಡ್ಡದ ಬುಡ ಕಡಿಯುವುದೆಂದರೆ ದಟ್ಟಣೆಗಿಂತ ದೊಡ್ಡ ಆಪತ್ತನ್ನು ಆಹ್ವಾನಿಸಿದಂತೆ.

ಆದ್ದರಿಂದಲೇ ಕಾರ್‌ಪೂಲ್ ಪಥದ ಒಳಗಿರುವ ವಿಚಾರ ಸಂಪಾಜೆಗೆ ಹೆಚ್ಚು ಸಲ್ಲುತ್ತದೆ. ರಸ್ತೆಯನ್ನು ಹಿಗ್ಗಿಸಲಾಗದ ಕಡೆ ಹಿಗ್ಗಿಸಬಹುದಾದದ್ದು ವಾಹನದೊಳಗಿನ ಜನಸಂಖ್ಯೆಯನ್ನು ಮಾತ್ರ. ಮಲೆನಾಡಿನ ಊರುಗಳಿಗೆ ಇದು ಹೊಸದೂ ಅಲ್ಲ. ಬಸ್ಸು ಅಪರೂಪವಾದ ದಾರಿಗಳಲ್ಲಿ ತಲೆಗಿಷ್ಟು ಎಂದು ಕೊಟ್ಟು ಬಾಡಿಗೆ ಜೀಪಿನಲ್ಲಿ ಪೇಟೆ ಸೇರುವುದು ಇಲ್ಲಿನವರ ಹಳೆಯ ರೂಢಿ. ಕೊರತೆಯಿಂದ ಹುಟ್ಟಿದ ಆ ರೂಢಿಯನ್ನೇ ನಗರಗಳು ಇಂದು ದಟ್ಟಣೆಗೆ ಮದ್ದೆಂದು ಹುಡುಕುತ್ತಿವೆ.

ದಾರಿ ಯಾವುದು?

ಕಾರ್‌ಪೂಲ್ ಪಥ ತಾನೇ ತಾನಾಗಿ ದಟ್ಟಣೆ ಕರಗಿಸುವ ಮಂತ್ರದಂಡವಲ್ಲ ಎಂಬುದನ್ನು ಐವತ್ತು ವರ್ಷಗಳ ಅನುಭವ ಹೇಳುತ್ತದೆ. ಕನಿಷ್ಠ ಮೂರು ಪಥಗಳಿರುವ, ದಿನವೂ ಒಂದೇ ವೇಳೆಗೆ ಒಂದೇ ದಿಕ್ಕಿಗೆ ಜನ ಸಾಗುವ, ಸಾಕಷ್ಟು ಬಸ್ಸುಗಳು ಓಡುವ ಮಾರ್ಗದಲ್ಲಿ ಅದು ಫಲ ನೀಡೀತು. ಹೊರ ವರ್ತುಲ ರಸ್ತೆ ಅಂಥ ಮಾರ್ಗ. ಅಲ್ಲಿ ಮೊದಲು ಬಸ್ಸಿಗೆ ಪಥ ಮರಳಿಸಿ, ಅದರಲ್ಲಿ ಜಾಗ ಉಳಿದರೆ ಮೂವರಿರುವ ಕಾರಿಗೆ ಅವಕಾಶ ಕೊಡುವುದು ಸರಿಯಾದ ಕ್ರಮ. ಬೆಂಗಳೂರು-ಮೈಸೂರು ಹೆದ್ದಾರಿಯ ಇಕ್ಕಟ್ಟು ಹೆಚ್ಚಾಗಿ ನಗರಗಳ ಹೆಬ್ಬಾಗಿಲಲ್ಲಿ. ನಡುವಿನ ಹಾದಿಗೆ ಮೀಸಲು ಪಥ ಹಾಕಿ ಪ್ರಯೋಜನ ಕಡಿಮೆ.

ಸಂಪಾಜೆಗೆ ಬೇಕಾದದ್ದು ಬೇರೆ: ಮಳೆಗಾಲವನ್ನು ತಡೆದುಕೊಳ್ಳುವ ಇಳಿಜಾರು, ನಿಧಾನದ ವಾಹನ ಬದಿಗೆ ಸರಿದು ದಾರಿ ಬಿಡಲು ಸುರಕ್ಷಿತ ತಾಣಗಳು, ಶಾಲೆ-ಕಚೇರಿಗಳ ಹೊತ್ತಿಗೆ ಸರಿಯಾಗಿ ಬರುವ ಬಸ್ಸು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿದೆ. ಟಿಕೆಟ್ ಉಚಿತವಾದರೆ ಸಾಲದು, ಹತ್ತಲು ಬಸ್ಸು ಇರಬೇಕು, ಬಸ್ಸಿನಲ್ಲಿ ಜಾಗ ಇರಬೇಕು.

ರಸ್ತೆ ಎಷ್ಟು ವಾಹನಗಳನ್ನು ಸಾಗಿಸಿತು ಎಂದು ಎಣಿಸುವ ರೂಢಿ ನಮ್ಮದು. ಎಷ್ಟು ಜನರನ್ನು ಸಾಗಿಸಿತು ಎಂದು ಎಣಿಸತೊಡಗಿದರೆ, ಆರು ಪಥಗಳ ಹೆದ್ದಾರಿಗೂ ಎರಡೇ ಪಥಗಳ ಘಟ್ಟಕ್ಕೂ ಮೊದಲು ಸಿಗುವ ಉತ್ತರ ಒಂದೇ: ತುಂಬಿದ ಬಸ್ಸಿಗೆ ಮೊದಲ ದಾರಿ, ತುಂಬಿದ ಕಾರಿಗೆ ಅದರ ನಂತರದ್ದು.